ಫ್ಯಾನ್ ತಿರುಗುತ್ತಿದೆ, ಪರದೆ ಕಪ್ಪಾಗಿದೆ

ಬೈಬಲ್ ತಂದವರು ಬೈಬಲ್‌ನಲ್ಲಿ, ಉಳಿದವರು ಫೋನ್‌ನಲ್ಲಿ, ಎರಡು ಭಾಗ ತೆಗೆದಿಟ್ಟುಕೊಳ್ಳಿ. ಒಂದು, ಪ್ರಕಟನೆ 3ನೇ ಅಧ್ಯಾಯ, 1ರಿಂದ 3ನೇ ವಚನ. ಇನ್ನೊಂದು, 1 ಅರಸುಗಳು 19ನೇ ಅಧ್ಯಾಯ.

ಸಾರ್ದಿಸ್ ಸಭೆಗೆ ಒಳ್ಳೆ ಹೆಸರಿತ್ತು. ನೋಡಿದವರೆಲ್ಲ ಅದನ್ನ ಜೀವಂತ ಸಭೆ ಅಂತಿದ್ದರು. ಆದರೆ ಕರ್ತನು ಒಳಗೆ ನೋಡಿದಾಗ ಜೀವ ಕಾಣಲಿಲ್ಲ. ಇದನ್ನ ಓದಿದಾಗಲೆಲ್ಲ ನನಗೆ ಹಳೇ ಕೆಲಸ ನೆನಪಾಗುತ್ತೆ. ಸೇವೆಗೆ ಬರುವ ಮೊದಲು ನಾನು ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಕಂಪ್ಯೂಟರ್ ರಿಪೇರಿ ಮಾಡ್ತಿದ್ದೆ ಅಂತ ನಿಮಗೆ ಗೊತ್ತು. ಅಲ್ಲಿಗೆ ಬರುವವರು ಹೆಚ್ಚಾಗಿ ಹೇಳ್ತಿದ್ದ ಮಾತು ಒಂದೇ: "ಅಣ್ಣ, ಆನ್ ಆಗುತ್ತೆ, ಡಿಸ್‌ಪ್ಲೇ ಬರ್ತಿಲ್ಲ."

ಪವರ್ ಬಟನ್ ಒತ್ತಿದ್ರೆ ಫ್ಯಾನ್ ಗಿರ್ರ್ ಅಂತ ತಿರುಗುತ್ತೆ, ಲೈಟ್ ಉರಿಯುತ್ತೆ. ಮಾನಿಟರ್ ಮಾತ್ರ ಕಪ್ಪು. ಯಾಕೆ ಗೊತ್ತಾ? ಫ್ಯಾನ್ ತಿರುಗೋಕೆ ಎಸ್‌ಎಂಪಿಎಸ್‌ನಿಂದ 12 ವೋಲ್ಟ್ ಬಂದ್ರೆ ಸಾಕು. ಪ್ರೊಸೆಸರ್ ಕೆಲಸ ಮಾಡ್ತಿರಬೇಕು ಅಂತಿಲ್ಲ, ರ‍್ಯಾಮ್ ಸರಿ ಇರಬೇಕು ಅಂತಿಲ್ಲ. ಕರೆಂಟ್ ಬಂದ ಮೇಲೆ ಮದರ್‌ಬೋರ್ಡ್ ತನ್ನನ್ನ ತಾನೇ ಪರೀಕ್ಷೆ ಮಾಡ್ಕೊಳ್ಳುತ್ತೆ. ಪವರ್ ಆನ್ ಸೆಲ್ಫ್ ಟೆಸ್ಟ್ ಅಂತಾರೆ. ಪ್ರೊಸೆಸರ್ ಇದೆಯಾ, ರ‍್ಯಾಮ್ ಇದೆಯಾ, ಗ್ರಾಫಿಕ್ಸ್ ಇದೆಯಾ? ಇದರಲ್ಲಿ ಒಂದು ಕಡೆ ನಿಂತುಹೋದ್ರೂ ಪರದೆ ಮೇಲೆ ಏನೂ ಬರದೇ ಇರಬಹುದು.

ದೇವಜನರೇ, ಶಬ್ದ ಇದೆ ಅಂದ ಮಾತ್ರಕ್ಕೆ ಜೀವ ಇದೆ ಅಂತಲ್ಲ. ಭಾನುವಾರ ಕೀಬೋರ್ಡ್ ನುಡಿಸ್ತೀವಿ, ಶುಕ್ರವಾರ ಸೆಲ್ ಗ್ರೂಪ್ ನಡೆಸ್ತೀವಿ, ಸ್ಟೇಟಸ್‌ಗೆ ವಚನ ಹಾಕ್ತೀವಿ. ಫ್ಯಾನ್ ಚೆನ್ನಾಗೇ ತಿರುಗುತ್ತಿದೆ. ಪಿಜಿಯಲ್ಲಿ ಪಕ್ಕದ ಮಂಚದವನಿಗೆ ನಮ್ಮಲ್ಲಿ ಕ್ರಿಸ್ತನು ಕಾಣಿಸ್ತಿದ್ದಾನಾ? ಆಮೆನ್ ಹೇಳೋಕೆ ಸ್ವಲ್ಪ ಕಷ್ಟ ಅಲ್ವಾ?

ಆದರೆ ಇನ್ನೊಂದು ಮಾತೂ ಅಷ್ಟೇ ನಿಜ. ಪರದೆ ಕಪ್ಪಾಗಿದೆ ಅಂದ ಮಾತ್ರಕ್ಕೆ ಕಂಪ್ಯೂಟರ್ ಸತ್ತಿದೆ ಅಂತಲ್ಲ. ನೋಡಿದ ಕೂಡಲೇ "ಬೋರ್ಡ್ ಹೋಗಿದೆ" ಅನ್ನೋನು ಒಳ್ಳೆ ಮೆಕ್ಯಾನಿಕ್ ಅಲ್ಲ. ಹೊರಗಿನಿಂದ ಒಳಗೆ, ಸುಲಭದಿಂದ ಕಷ್ಟಕ್ಕೆ, ಒಂದೊಂದಾಗಿ ನೋಡ್ಬೇಕು.

ಮೊದಲು ಮಾನಿಟರ್. ಅದಕ್ಕೆ ಕರೆಂಟ್ ಇದೆಯಾ? ಇನ್‌ಪುಟ್ ಸರಿಯಾಗಿ ಆಯ್ಕೆ ಆಗಿದೆಯಾ? ಕೇಬಲ್ ಯಾವ ಪೋರ್ಟ್‌ನಲ್ಲಿದೆ? ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ರೆ ಕೇಬಲ್ ಆ ಕಾರ್ಡ್‌ಗೇ ಹಾಕಬೇಕು. ತುಂಬಾ ಜನ ಮೇಲಿರುವ ಮದರ್‌ಬೋರ್ಡ್ ಪೋರ್ಟ್‌ಗೆ ಸಿಕ್ಕಿಸಿ ಕಾಯ್ತಾ ಇರ್ತಾರೆ. ಒಳಗೆ ಕಂಪ್ಯೂಟರ್ ಪೂರ್ತಿ ಓಡ್ತಾ ಇರುತ್ತೆ, ನಾವು ನೋಡ್ತಿರೋ ಜಾಗ ತಪ್ಪು. ಒಬ್ಬ ತಂಗಿ ಕೈಯೆತ್ತಿ ಸ್ತುತಿಸಲ್ಲ, ಜೋರಾಗಿ ಪ್ರಾರ್ಥಿಸಲ್ಲ. ತಕ್ಷಣ "ಬ್ಯಾಕ್‌ಸ್ಲೈಡ್ ಆಗಿದ್ದಾಳೆ" ಅಂತೀವಿ. ಅವಳು ರಾತ್ರಿಯಿಡೀ ಆಸ್ಪತ್ರೆಯಲ್ಲಿ ಅಪ್ಪನ ಪಕ್ಕ ಕೂತಿರೋದು ನಾವು ನೋಡಿರಲ್ಲ.

ಎರಡನೇದು ರ‍್ಯಾಮ್. ಪ್ಲಗ್ ತೆಗೆದು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದು, ಕ್ಯಾಬಿನೆಟ್‌ನ ಲೋಹ ಮುಟ್ಟಿ, ಆಮೇಲೆ ರ‍್ಯಾಮ್ ತೆಗೀರಿ. ಚಿನ್ನದ ಬಣ್ಣದ ಅಂಚನ್ನ ಪೆನ್ಸಿಲ್ ರಬ್ಬರ್‌ನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ, ಲಾಕ್ ಟಕ್ ಅನ್ನೋ ತನಕ ಒತ್ತಿ ಕೂರಿಸಿ. ಎರಡು ಇದ್ರೆ ಒಂದೊಂದೇ ಹಾಕಿ ನೋಡಿ. ಎಷ್ಟೋ ಸಲ ಇಷ್ಟಕ್ಕೇ ಡಿಸ್‌ಪ್ಲೇ ಬಂದುಬಿಡುತ್ತೆ. ಹೊಸದೇನೂ ಬೇಕಾಗಿರಲಿಲ್ಲ, ಇದ್ದ ಸಂಪರ್ಕ ಸಡಿಲವಾಗಿತ್ತು ಅಷ್ಟೇ. ಸಾರ್ದಿಸ್‌ಗೂ ಕರ್ತನು ಎಲ್ಲ ಬಿಸಾಕಿ ಹೊಸದಾಗಿ ಶುರುಮಾಡು ಅನ್ನಲಿಲ್ಲ. ಇನ್ನೂ ಉಳಿದಿರೋದನ್ನ ಗಟ್ಟಿಮಾಡ್ಕೋ ಅಂದನು. ಇನ್ನೊಂದು ವಿಷಯ. ಹೊಸ ಡಿಡಿಆರ್5 ರ‍್ಯಾಮ್ ಹಾಕಿದ್ರೆ ಮೊದಲ ಸಲ ಕೆಲವು ನಿಮಿಷ ಪರದೆ ಕಪ್ಪಾಗೇ ಇರಬಹುದು. ಬೋರ್ಡ್ ಆಗ ಆ ರ‍್ಯಾಮ್‌ಗೆ ಹೊಂದ್ಕೊಳ್ತಾ ಇರುತ್ತೆ. ಅವಸರಪಟ್ಟು ಸ್ವಿಚ್ ಆರಿಸಬಾರದು. ಹೊಸದಾಗಿ ರಕ್ಷಣೆ ಹೊಂದಿದವರ ವಿಷಯದಲ್ಲೂ ತಾಳ್ಮೆ ಇರಲಿ, ಪ್ರಿಯರೇ.

ಮೂರನೇದು, ಬೋರ್ಡ್ ಹೇಳೋದನ್ನ ಕೇಳಿ. ಕೆಲವು ಬೋರ್ಡ್ ಬೀಪ್ ಮಾಡುತ್ತೆ. ಕೆಲವದರಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ನಾಲ್ಕು ಪುಟ್ಟ ಲೈಟ್ ಇರುತ್ತೆ. ಯಾವುದು ಆರದೆ ಉರೀತಾ ಉಳಿಯುತ್ತೋ ಮೊದಲು ಅಲ್ಲಿ ನೋಡಿ. ಸಿಪಿಯು ಲೈಟ್ ಆದ್ರೆ, ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ನಿನ ಪವರ್ ವೈರ್ ಸರಿಯಾಗಿ ಕೂತಿದೆಯಾ ನೋಡಿ. ಆ ವೈರ್ ಇಲ್ಲದಿದ್ರೂ ಫ್ಯಾನ್ ತಿರುಗುತ್ತೆ!

ಇದನ್ನ ಮರೀಬೇಡಿ. ಸೈತಾನನ ಆಪಾದನೆಗೆ ವಿಳಾಸ ಇರಲ್ಲ. "ನೀನು ದಂಡ, ನಿನ್ನಿಂದ ಏನೂ ಆಗಲ್ಲ" ಅಂತಾನೆ ಅಷ್ಟೇ. ಪವಿತ್ರಾತ್ಮನು ಮಾತಾಡಿದ್ರೆ ಒಂದು ಜಾಗಕ್ಕೆ ಬೆರಳಿಟ್ಟು ತೋರಿಸ್ತಾನೆ: ಈ ಸುಳ್ಳು, ಈ ಸಾಲ, ಅಣ್ಣನ ಜೊತೆ ನಿಂತುಹೋದ ಈ ಮಾತು. ತೋರಿಸೋದು ಸರಿಮಾಡೋಕೆ, ಬಿಸಾಕೋಕಲ್ಲ. ಹಲ್ಲೆಲೂಯಾ!

ನಾಲ್ಕನೇದು, ಎಸ್‌ಎಂಪಿಎಸ್ ಪೆಟ್ಟಿಗೆಯನ್ನ ಮಾತ್ರ ನೀವೇ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ಚಾರ್ಜ್ ಉಳಿದಿರುತ್ತೆ. ಅದು ಕಲಿತವರ ಕೈಗೆ ಬಿಡಬೇಕಾದ ಕೆಲಸ.

ನಮ್ಮಲ್ಲೇ ಒಬ್ಬ ತಮ್ಮ ಇದ್ದಾನೆ. ಹೇಳಿ ಅಂತ ಅವನೇ ಒಪ್ಪಿದ್ದಾನೆ, ಹೆಸರು ಹೇಳಲ್ಲ. ನೈಟ್ ಶಿಫ್ಟ್ ಮುಗಿಸಿ ನೇರ ಆರಾಧನೆಗೆ ಬರ್ತಿದ್ದ. ತಿಂಗಳುಗಟ್ಟಲೆ ಸರಿಯಾಗಿ ನಿದ್ದೆ ಇಲ್ಲ, ಊಟ ಸೇರ್ತಿಲ್ಲ, ಪ್ರಾರ್ಥನೆಗೆ ಕೂತ್ರೆ ಮಾತೇ ಬರಲ್ಲ. "ಪಾಸ್ಟರ್, ದೇವರು ನನ್ನನ್ನ ಬಿಟ್ಟುಬಿಟ್ಟಿದ್ದಾನೆ. ನಾನಿರೋದೇ ಬೇಡ ಅನ್ನಿಸ್ತಿದೆ" ಅಂದ. ಅವನಿಗೆ ಸ್ನೇಹಿತರು ಕೊಟ್ಟಿದ್ದ ಸಲಹೆ ಏನು? ಇನ್ನೂ ಮೂರು ದಿನ ಉಪವಾಸ ಮಾಡು ಅಂತ.

1 ಅರಸುಗಳು 19 ನೋಡಿ. ಕರ್ಮೆಲ್ ಬೆಟ್ಟದಲ್ಲಿ ಆಕಾಶದಿಂದ ಬೆಂಕಿ ಇಳಿದದ್ದನ್ನ ಕಂಡ ಎಲೀಯನು, ಈಜೆಬೆಲಳಿಗೆ ಹೆದರಿ ಓಡಿ, ಒಂದು ಗಿಡದ ಕೆಳಗೆ ಕೂತು ಸಾವು ಬೇಡಿದನು. ದೇವರು ಬೈದನಾ? ಇಲ್ಲ. ಮಲಗೋಕೆ ಬಿಟ್ಟನು. ದೂತನು ಎಬ್ಬಿಸಿ ರೊಟ್ಟಿ, ನೀರು ಕೊಟ್ಟನು. ಮತ್ತೆ ಮಲಗಿದನು, ಮತ್ತೆ ಊಟ. ಆಮೇಲೆ 40 ದಿನ ನಡೆದು ಹೋರೇಬಿಗೆ ಬಂದ ಮೇಲೇ, ಇಲ್ಲಿ ಏನು ಮಾಡ್ತಿದ್ದೀಯ ಅನ್ನೋ ಪ್ರಶ್ನೆ. ದೇವರ ಕ್ರಮ ನೋಡಿ! ಮೊದಲು ನಿದ್ದೆ, ಊಟ. ಪ್ರಶ್ನೆ ಆಮೇಲೆ.

ಅವತ್ತು ನಾನು ಆ ತಮ್ಮನಿಗೆ ಊಟ ಬಡಿಸಿದೆ, ಮಲಗಿಸಿದೆ, ಪಕ್ಕದಲ್ಲೇ ಇದ್ದೆ. ಮಾರನೇ ದಿನ ಜೊತೆಗೇ ಹೋಗಿ ಡಾಕ್ಟರಿಗೆ ತೋರಿಸಿದೆ. ಔಷಧಿ ತಗೊಳ್ತಿದ್ದಾನೆ, ಪ್ರಾರ್ಥನೆನೂ ಮಾಡ್ತಿದ್ದಾನೆ. ಡಾಕ್ಟರ್ ಹತ್ತಿರ ಹೋಗೋದು ಅವಿಶ್ವಾಸ ಅಲ್ಲ. ಇವತ್ತು ರಾತ್ರಿ ಯಾರಿಗಾದರೂ ಅದೇ ಯೋಚನೆ ಬಂದ್ರೆ ಒಬ್ಬರೇ ಇರಬೇಡಿ. ನನಗೆ ಫೋನ್ ಮಾಡಿ, ಇಲ್ಲಾ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಮಾಡಿ. ಯಾವ ಹೊತ್ತಾದರೂ ಸರಿ, ಕನ್ನಡದಲ್ಲೇ ಮಾತಾಡಬಹುದು.

ಈ ವಾರ ಎರಡು ಕೆಲಸ ಮಾಡಿ. ನಿಮ್ಮ ಫ್ಯಾನ್ ಶಬ್ದಕ್ಕೆ ನೀವೇ ಮೋಸ ಹೋಗಬೇಡಿ. ಒಂದು ಸಂಜೆ ಎಲ್ಲ ಆರಿಸಿ, ಕರ್ತನ ಮುಂದೆ ಸುಮ್ಮನೆ ಕೂತ್ಕೊಳ್ಳಿ. ಹಾಗೇ, ಪರದೆ ಕಪ್ಪಾಗಿರುವ ಒಬ್ಬರನ್ನ ಹುಡುಕಿ ಊಟಕ್ಕೆ ಕರೀರಿ. ಬುದ್ಧಿ ಹೇಳಬೇಡಿ, ಮೊದಲು ಊಟ ಕೊಡಿ.

ತಲೆಬಾಗಿಸೋಣ. ಕರ್ತನೇ, ಹೆಸರು ಮಾತ್ರ ಇರುವ ಜೀವನ ನಮಗೆ ಸಾಕು. ನಮ್ಮಲ್ಲಿ ಸಡಿಲವಾದದ್ದನ್ನ ನಿನ್ನ ಕೈಯಿಂದಲೇ ಗಟ್ಟಿಮಾಡು. ಸತ್ತಿದ್ದೇನೆ ಅಂದುಕೊಂಡು ಇಲ್ಲಿ ಕೂತಿರುವ ಮಗನನ್ನ, ಮಗಳನ್ನ ಮುಟ್ಟು. ಯಾರನ್ನೂ ಅವಸರದಲ್ಲಿ ತೀರ್ಪು ಮಾಡದ ಮನಸ್ಸು ನಮಗೆ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.