ಉಳಿಗೆ ಸಂದ ಹೊಗಳಿಕೆ

ಬೇಲೂರಿನ ದೇವಾಲಯವನ್ನು ನೋಡಿ ಬಂದವರು ಶಿಲ್ಪಿಯನ್ನು ಹೊಗಳುತ್ತಾರೆಯೇ ಹೊರತು ಉಳಿಯನ್ನು ಹೊಗಳುವುದಿಲ್ಲ. 1117ರ ಆ ಗುಡಿಯ ಶಿಲ್ಪಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರಿದೆ. ಅವನ ಮಗ ಚಾವಣನ ಹೆಸರಿದೆ. ಸುಮಾರು 140 ವರ್ಷಗಳ ಅನಂತರ ಸೋಮನಾಥಪುರದ ವಿಗ್ರಹಗಳ ಕೆಳಗೆ ಮಲ್ಲಿತಮ್ಮ ತನ್ನ ಹೆಸರನ್ನು ಮತ್ತೆ ಮತ್ತೆ ಕೊರೆದಿದ್ದಾನೆ. ಉಳಿಯನ್ನು ಬಡಿದವನಾರು, ಅದರ ತೂಕವೆಷ್ಟು, ಅದನ್ನು ಯಾವ ಸಂತೆಯಲ್ಲಿ ಕೊಂಡದ್ದು ಎಂಬ ವಿಷಯಗಳು ಆ ಪೀಠಗಳ ಮೇಲಿಲ್ಲ. ಇರಬೇಕೆಂದು ನಮಗೆ ತೋರುವುದೂ ಇಲ್ಲ. ಕೆಲಸ ಕೈಯದು, ಹೆಸರು ಕೈಗೆ ಸಲ್ಲತಕ್ಕದ್ದು ಎಂಬುದು ಯಾರೂ ಹೇಳಿಕೊಡದೆಯೇ ನಾವು ಒಪ್ಪಿಕೊಂಡು ಬಂದಿರುವ ನ್ಯಾಯ.

ಈ ನ್ಯಾಯ ನಮ್ಮ ಕಾಲದಲ್ಲಿ ತಿರುಗುಮುರುಗಾಗುತ್ತಿರುವಂತೆ ಕಾಣುತ್ತದೆ. ಅದಕ್ಕೆ ಒಂದು ನಿದರ್ಶನವನ್ನು ದೂರದಿಂದಲೇ ತರುತ್ತೇನೆ. 2014ರಲ್ಲಿ ಇಂಗ್ಲೆಂಡಿನ ಬೆಂಟ್ಲಿ ಸಂಸ್ಥೆಯವರು ‘ಇಂಟೆಲಿಜೆಂಟ್ ಡೀಟೇಲ್ಸ್’ ಎಂಬ ಹೆಸರಿನ ಕೆಲವೇ ನಿಮಿಷಗಳ ಜಾಹೀರಾತು ಚಿತ್ರವೊಂದನ್ನು ಹೊರತಂದರು. ನ್ಯೂಯಾರ್ಕ್ ನಗರದಲ್ಲಿ ಅವರ ಮಲ್ಸಾನ್ ಎಂಬ ಕಾರು ಸಾಗುತ್ತದೆ; ಸಂಸ್ಥೆಯ ವಿನ್ಯಾಸಕಾರರಾಗಿದ್ದ ಲುಕ್ ಡೊಂಕರ್‌ವೋಲ್ಕ್ ಮತ್ತು ಸಾಂಗ್‌ಯುಪ್ ಲೀ ತಮ್ಮ ಕಸಬಿನ ವಿಚಾರವಾಗಿ ಮಾತನಾಡುತ್ತಾರೆ. ಚಿತ್ರ ಕಪ್ಪು ಬಿಳುಪಿನದು. ಗಂಭೀರವಾಗಿದೆ, ನೋಡಲು ಸೊಗಸಾಗಿದೆ. ಅಮೆರಿಕದಲ್ಲಿ ಅಂದು ಆ ಕಾರಿನ ಬೆಲೆ ಮೂರು ಲಕ್ಷ ಡಾಲರಿಗೂ ಮೇಲೆ. ಆದರೆ ಜನರ ಬಾಯಿಗೆ ಬಿದ್ದದ್ದು ಕಾರೂ ಅಲ್ಲ, ವಿನ್ಯಾಸಕಾರರ ಮಾತೂ ಅಲ್ಲ. ಚಿತ್ರವನ್ನು ತೆಗೆದದ್ದು 112 ಗ್ರಾಂ ತೂಕದ ಐಫೋನ್ 5ಎಸ್ ಎಂಬ ಫೋನಿನಲ್ಲಿ, ಸಂಕಲನ ಮಾಡಿದ್ದು ಐಪ್ಯಾಡ್ ಏರ್ ಎಂಬ ಟ್ಯಾಬ್ಲೆಟ್ಟಿನಲ್ಲಿ, ಅದೂ ಆ ಕಾರಿನ ಹಿಂದಿನ ಆಸನದಲ್ಲಿ ಕುಳಿತು ಎಂಬುದೇ ಎಲ್ಲರಿಗೂ ದೊಡ್ಡ ಸುದ್ದಿಯಾಯಿತು. ದೇವಾಲಯವನ್ನು ಬಿಟ್ಟು ಉಳಿಯ ಸುತ್ತ ಪ್ರದಕ್ಷಿಣೆ ಹಾಕಿದಂತಾಯಿತು.

ಕಾರಿನ ಚಿತ್ರ ತೆಗೆಯುವುದು ಹಗುರವಾದ ಕೆಲಸವಲ್ಲ. ನುಣ್ಣಗೆ ಮೆರುಗು ಕೊಟ್ಟ ಕಾರೆಂದರೆ ಓಡಾಡುವ ಕನ್ನಡಿ. ಆಕಾಶ, ಕಟ್ಟಡ, ವಿದ್ಯುತ್ ಕಂಬ, ಚಿತ್ರ ತೆಗೆಯುವವನ ಅಂಗಿ, ಎಲ್ಲವೂ ಅದರ ಮೈಯಲ್ಲಿ ಮೂಡುತ್ತವೆ. ಯಾವುದು ಮೂಡಬೇಕು, ಯಾವುದು ಮೂಡಬಾರದು ಎಂದು ತೀರ್ಮಾನಿಸಿ ಬೆಳಕನ್ನು ಕಾಯುವುದೇ ಆ ಕಸಬಿನ ಮರ್ಮ. ಇತ್ತ ಫೋನಿನೊಳಗೆ ಬೆಳಕನ್ನು ಹಿಡಿಯುವ ಫಲಕ ಹೆಸರುಕಾಳಿಗಿಂತ ಹೆಚ್ಚು ಅಗಲವಿಲ್ಲ. ಕತ್ತಲೆಯಲ್ಲಿ ಅದಕ್ಕೆ ಕಣ್ಣು ಮಂಜಾಗುತ್ತದೆ. ಕೈ ಅಲುಗಿದರೆ ಚಿತ್ರವೂ ಅಲುಗುತ್ತದೆ. ಹತ್ತಿರದ್ದೂ ದೂರದ್ದೂ ಒಂದೇ ಸಮನಾಗಿ ಸ್ಪಷ್ಟವಾಗಿ, ಯಾವುದು ಮುಖ್ಯವೆಂದು ಹೇಳಲಾರದೆ ನಿಲ್ಲುತ್ತದೆ. ಈ ಬಡತನವನ್ನು ಮುಚ್ಚುವುದಕ್ಕಾಗಿ ಫೋನಿನ ಮುಂದೆ ಬೇರೆ ಮಸೂರ ಕೂಡಿಸಬೇಕು, ಅಲುಗಾಟವನ್ನು ತಡೆಯುವ ಚೌಕಟ್ಟಿನಲ್ಲಿ ಅದನ್ನು ಬಿಗಿಯಬೇಕು. ಇವೆಲ್ಲವೂ ಬೆಂಟ್ಲಿಯ ಚಿತ್ರಕ್ಕೂ ಬೇಕಾಗಿದ್ದವು. ಬಣ್ಣವನ್ನು ಕೈಬಿಟ್ಟದ್ದರಲ್ಲಿಯೂ ಸಣ್ಣ ಕ್ಯಾಮೆರಾದ ದೌರ್ಬಲ್ಯವನ್ನು ಬಲ್ಲವರ ಜಾಣತನವಿದೆ ಎಂದು ನನಗೆ ತೋರುತ್ತದೆ. ಅಂದರೆ ಫೋನು ಅಲ್ಲಿತ್ತು, ನಿಜ. ಅದರ ಸುತ್ತ ಬೇರೆ ಉಪಕರಣಗಳಿದ್ದವು, ಬಹಳ ವರ್ಷ ಪಳಗಿದ ಕಣ್ಣುಗಳಿದ್ದವು. ನ್ಯಾಯವಾಗಿ ಹೇಳಬೇಕಾದ ಮಾತೊಂದುಂಟು: ಆ ಚಿತ್ರದ ಕೊನೆಯಲ್ಲಿ ಅದನ್ನು ತೆಗೆದ ಬಗೆಯನ್ನೂ ತೋರಿಸಿದ್ದಾರೆ. ಆದರೆ ನೋಡಿದವರು ಇನ್ನೊಬ್ಬರಿಗೆ ಹೇಳುವಾಗ ಚೌಕಟ್ಟು ಬಿದ್ದುಹೋಗುತ್ತದೆ, ಮಸೂರ ಬಿದ್ದುಹೋಗುತ್ತದೆ, ಮನುಷ್ಯರೂ ಬಿದ್ದುಹೋಗುತ್ತಾರೆ, ಫೋನೊಂದೇ ಉಳಿಯುತ್ತದೆ.

ಇಲ್ಲಿ ಏಳುವ ಪ್ರಶ್ನೆ ಇದು: “ಇದನ್ನು ಫೋನಿನಲ್ಲಿ ತೆಗೆದದ್ದು” ಎಂಬ ಮಾತು ಅಕ್ಷರಶಃ ಸತ್ಯವಾಗಿದ್ದರೆ ಸಾಕೆ? ಅಷ್ಟಕ್ಕೇ ಅದು ಪ್ರಾಮಾಣಿಕವಾಯಿತೆ?

ಹಸಿ ಸುಳ್ಳಿನ ವಿಷಯದಲ್ಲಿ ತೊಡಕಿಲ್ಲ. 1990ರಲ್ಲಿ ವೋಲ್ವೋ ಸಂಸ್ಥೆಯ ಜಾಹೀರಾತೊಂದರಲ್ಲಿ ದೈತ್ಯ ಚಕ್ರಗಳ ಟ್ರಕ್ಕೊಂದು ಸಾಲಾಗಿ ನಿಲ್ಲಿಸಿದ ಕಾರುಗಳ ಮೇಲೆ ಹತ್ತಿ ಇಳಿಯಿತು. ಉಳಿದ ಕಾರುಗಳೆಲ್ಲ ಅಪ್ಪಚ್ಚಿಯಾದವು. ವೋಲ್ವೋ ಒಂದು ತಲೆಯೆತ್ತಿ ನಿಂತಿತು. ಆಮೇಲೆ ಬಯಲಾದ ಸಂಗತಿ ಏನೆಂದರೆ, ವೋಲ್ವೋದ ಚಾವಣಿಗೆ ಒಳಗಿಂದ ಆಸರೆ ಕೊಟ್ಟು ಬಲಪಡಿಸಿದ್ದರು, ಉಳಿದ ಕಾರುಗಳ ಕಂಬಗಳನ್ನು ಕೊಯ್ದಿದ್ದರು. ಅಮೆರಿಕದ ಸರ್ಕಾರ 1991ರಲ್ಲಿ ಕಾರಿನ ಸಂಸ್ಥೆಯಿಂದಲೂ ಜಾಹೀರಾತಿನ ಸಂಸ್ಥೆಯಿಂದಲೂ ತಲಾ 1,50,000 ಡಾಲರ್ ವಸೂಲು ಮಾಡಿತು. 2012ರ ಸೆಪ್ಟೆಂಬರಿನಲ್ಲಿ ನೋಕಿಯಾ ಸಂಸ್ಥೆ ತನ್ನ ಹೊಸ ಫೋನಿನ ಕ್ಯಾಮೆರಾವನ್ನು ಹೊಗಳುವ ಚಿತ್ರದಲ್ಲಿ ಸೈಕಲ್ ತುಳಿಯುವ ಹುಡುಗಿಯನ್ನು ತೋರಿಸಿತು. ದಾರಿಯ ಪಕ್ಕದ ಕಿಟಕಿಯ ಗಾಜಿನಲ್ಲಿ ಪ್ರತಿಬಿಂಬವೊಂದು ಹಾದುಹೋಯಿತು. ಅದರಲ್ಲಿ ಕಂಡದ್ದು ಫೋನಲ್ಲ, ವ್ಯಾನಿನಲ್ಲಿ ಕುಳಿತು ದೊಡ್ಡ ಕ್ಯಾಮೆರಾ ಹಿಡಿದ ಮನುಷ್ಯ! ಸಂಸ್ಥೆ ಕ್ಷಮೆ ಕೇಳಿತು. ಗಾಜು ಸಾಕ್ಷಿ ನುಡಿದ ಮೇಲೆ ಬೇರೆ ವಿಚಾರಣೆ ಏಕೆ?

ಬೆಂಟ್ಲಿಯ ಚಿತ್ರ ಈ ಜಾತಿಯದಲ್ಲ. ಅಲ್ಲಿ ಹೇಳಿದ್ದೆಲ್ಲ ನಿಜ. ಆದುದರಿಂದಲೇ ಅದರ ವಿಚಾರ ಸೂಕ್ಷ್ಮವಾದದ್ದು. ಅರ್ಧ ಹೇಳಿದ ನಿಜದ ಯೋಗ್ಯತೆ ಎಷ್ಟು ಎಂಬುದನ್ನು ನಮ್ಮ ಮಹಾಭಾರತ ಹಿಂದೆಯೇ ತೂಗಿ ನೋಡಿದೆ. ಧರ್ಮರಾಯ ದ್ರೋಣನಿಗೆ ಆಡಿದ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆನೆಯ ಹೆಸರು ಮಾತ್ರ ಮೆಲ್ಲಗೆ ಬಂತು. ಅಲ್ಲಿಯವರೆಗೆ ನೆಲ ಸೋಕದೆ ನಾಲ್ಕು ಅಂಗುಲ ಮೇಲೆ ಸಾಗುತ್ತಿದ್ದ ಅವನ ರಥ ಆ ಕ್ಷಣದಲ್ಲಿ ಎಲ್ಲರ ರಥಗಳಂತೆ ಭೂಮಿಗಿಳಿಯಿತು. ಮೆಲ್ಲಗೆ ಹೇಳಿದ ಭಾಗವೇ ಮುಖ್ಯವಾದ ಭಾಗವಾಗಿದ್ದರೆ ಗಟ್ಟಿಯಾಗಿ ಹೇಳಿದ ನಿಜ ನಿಜವಾಗಿ ಉಳಿಯುವುದಿಲ್ಲ ಎಂಬುದು ಅದರ ತಾತ್ಪರ್ಯವಲ್ಲವೆ? ಜಾಹೀರಾತಿನಲ್ಲಿ ಫೋನಿನ ಹೆಸರು ಗಟ್ಟಿಯಾಗಿ ಕೇಳಿಸುತ್ತದೆ. ಕೈಗಳ ಹೆಸರು ಮೆಲ್ಲಗೆ ಬರುತ್ತದೆ.

“ಜಾಹೀರಾತೆಂದರೆ ಸಾಕ್ಷ್ಯವಲ್ಲ ಸ್ವಾಮಿ, ಅದೊಂದು ಬಗೆಯ ಕಾವ್ಯ, ಕವಿಗಳು ಉತ್ಪ್ರೇಕ್ಷೆ ಮಾಡುವುದಿಲ್ಲವೆ?” ಎಂದು ಯಾರಾದರೂ ಕೇಳಬಹುದು. ಮಾಡುತ್ತಾರೆ, ಅದನ್ನು ಪಾಠ ಹೇಳುವುದೇ ನನ್ನ ಉದ್ಯೋಗ. ಆದರೆ ಅತಿಶಯೋಕ್ತಿ ತನ್ನ ವೇಷವನ್ನು ಮುಚ್ಚಿಡುವುದಿಲ್ಲ. ಮುಖವನ್ನು ಚಂದ್ರನೆಂದರೆ ಅದರ ಮೇಲೆ ಯಾರೂ ಹುಣ್ಣಿಮೆಯ ಲೆಕ್ಕ ಹಾಕುವುದಿಲ್ಲ. “ಈ ಕಾರು ಮೋಡದ ಮೇಲೆ ತೇಲುತ್ತದೆ” ಎಂಬ ಮಾತು ಅಲಂಕಾರ. ಅದರಿಂದ ಯಾರಿಗೂ ಮೋಸವಿಲ್ಲ. “ಇದನ್ನು ಇಂಥ ಫೋನಿನಲ್ಲಿ ತೆಗೆದದ್ದು” ಎಂಬುದು ಅಲಂಕಾರವಲ್ಲ, ವರದಿ. ಅದು ನಮ್ಮ ಮೆಚ್ಚುಗೆಯನ್ನು ಮಾತ್ರ ಬೇಡುವುದಿಲ್ಲ, ನಂಬಿಕೆಯನ್ನು ಬೇಡುತ್ತದೆ. ನಂಬಿಕೆಯನ್ನು ಬೇಡಿದ ಮಾತು ಕಾವ್ಯದ ಮನೆಯಲ್ಲಿ ಆಶ್ರಯ ಕೇಳಬಾರದು.

ಉಪಕರಣದ ವಿಚಾರವಾಗಿ ಹೆಮ್ಮೆ ಪಡುವುದು ಹೊಸದೇನೂ ಅಲ್ಲ. ಕನ್ನಡಿಗರಿಗೆ ಕೂಡಲೇ ಕುಮಾರವ್ಯಾಸನ ನೆನಪಾದೀತು. ಹಲಗೆ ಬಳಪಗಳಲ್ಲಿ ಮೊದಲು ಗೀಚಿ ನೋಡದೆ, ಇಟ್ಟ ಪದವನ್ನು ಮತ್ತೆ ಅಳಿಸದೆ, ಓಲೆಯ ಮೇಲೆ ಕಂಠದ ಸದ್ದು ನಿಲ್ಲದಂತೆ ಬರೆದೆನೆಂದು ಅವನು ಹೇಳಿಕೊಂಡಿದ್ದಾನೆ. ಇಷ್ಟೇ ಸಾಮಗ್ರಿಯಲ್ಲಿ ಇಷ್ಟು ದೊಡ್ಡ ಕೆಲಸ ಮಾಡಿದೆನೆಂಬ ಆ ಮಾತಿಗೂ ಫೋನಿನಲ್ಲಿ ಚಿತ್ರ ತೆಗೆದೆವೆಂಬ ಮಾತಿಗೂ ಮೇಲುನೋಟಕ್ಕೆ ಹೋಲಿಕೆಯಿದೆ. ಆದರೆ ವ್ಯತ್ಯಾಸವನ್ನು ಗಮನಿಸಬೇಕು. ಕುಮಾರವ್ಯಾಸ ಬಳಪವನ್ನು ತಳ್ಳಿದ್ದು ಕಂಠವನ್ನು ಮೆರೆಸುವುದಕ್ಕಲ್ಲ. ಆ ಪದ್ಯವನ್ನು ಓದಿದವರು ಗದುಗಿಗೆ ಹೋಗಿ ಅಂಥದೇ ಕಂಠವೊಂದನ್ನು ಕೊಳ್ಳಲಿ ಎಂಬ ಉದ್ದೇಶ ಅವನಿಗೆ ಇರಲಿಲ್ಲ. ಅಲ್ಲದೆ, ಅಷ್ಟೆಲ್ಲ ಹೇಳಿಕೊಂಡವನು ಕಡೆಗೆ ಕವಿಯೆಂಬ ಹೆಸರನ್ನು ತನ್ನ ದೈವವಾದ ವೀರನಾರಾಯಣನಿಗೆ ಒಪ್ಪಿಸಿ ತಾನು ಬರಿಯ ಲಿಪಿಕಾರನಾಗಿ ನಿಂತ. ಕೀರ್ತಿಯನ್ನು ಅವನು ತನಗಿಂತ ಮೇಲಿನದಕ್ಕೆ ಕೊಟ್ಟ. ನಾವು ಕೈಯ ಕೀರ್ತಿಯನ್ನು ಕೈಗಿಂತ ಕೆಳಗಿನದಕ್ಕೆ, ಅಂಗಡಿಯಲ್ಲಿ ಸಿಗುವುದಕ್ಕೆ, ಕೊಡುತ್ತಿದ್ದೇವೆ.

ಬೆಂಟ್ಲಿಯ ಕಥೆಯಲ್ಲಿ ಇನ್ನೊಂದು ವಿಚಿತ್ರವಿದೆ. ಆ ಕಾರಿಗೆ ಅಷ್ಟು ಬೆಲೆ ಏಕೆ ಎಂದು ಕೇಳಿದರೆ ಸಂಸ್ಥೆಯವರು ಕೊಡುವ ಉತ್ತರ ಕೈಗಳದ್ದೇ. 2020ರಲ್ಲಿ ಮಲ್ಸಾನ್ ತಯಾರಿಕೆ ನಿಂತಾಗ ಅವರೇ ಒಪ್ಪಿಸಿದ ಲೆಕ್ಕದಂತೆ, ಹತ್ತು ವರ್ಷಗಳಿಗೂ ಮೇಲ್ಪಟ್ಟ ಅವಧಿಯಲ್ಲಿ ಸುಮಾರು 7,300 ಕಾರುಗಳಿಗೆ ಹೆಚ್ಚುಕಡಿಮೆ ಮೂವತ್ತು ಲಕ್ಷ ಗಂಟೆಗಳ ಕೈಕೆಲಸ ಸಂದಿತು. ಭಾಗಿಸಿ ನೋಡಿದರೆ ಕಾರೊಂದಕ್ಕೆ ನಾನೂರು ಗಂಟೆ. ಚರ್ಮವನ್ನು ಹೊಲಿದವರು, ಮರಕ್ಕೆ ಮೆರುಗು ಕೊಟ್ಟವರು, ಲೋಹವನ್ನು ಉಜ್ಜಿದವರು, ಇವರೆಲ್ಲರ ಗಂಟೆಗಳೂ ಆ ಲೆಕ್ಕದಲ್ಲಿವೆ. ಒಳ್ಳೆಯದು; ಕೈಯ ಗಂಟೆಗೆ ಬೆಲೆ ಕಟ್ಟುವ ವಸ್ತುವನ್ನು, ಅದು ಶ್ರೀಮಂತರ ವಿಲಾಸಕ್ಕೇ ಇರಲಿ, ನಾನು ಅಷ್ಟರಮಟ್ಟಿಗೆ ಗೌರವಿಸುತ್ತೇನೆ. ಆದರೆ ಅದೇ ಕಾರಿನ ಚಿತ್ರವನ್ನು ಲೋಕ ಮೆಚ್ಚಿದ ಕಾರಣ ಇದಕ್ಕೆ ತೀರ ವಿರುದ್ಧವಾದದ್ದು: ನೋಡಿ, ಇದಕ್ಕೆ ಎಷ್ಟು ಸ್ವಲ್ಪ ಸಾಕಾಯಿತು! ಕಾರಿಗೆ ನಾನೂರು ಗಂಟೆಯ ಹಿರಿಮೆ, ಚಿತ್ರಕ್ಕೆ 112 ಗ್ರಾಮಿನ ಹಿರಿಮೆ. ಹೊಲಿದವನ ಗಂಟೆಗಳನ್ನು ಎಣಿಸಿದ ನಾವು ಚಿತ್ರ ತೆಗೆದವನ ಗಂಟೆಗಳನ್ನು ಏಕೆ ಎಣಿಸಬಾರದು?

ಇದು ಬರಿಯ ತರ್ಕದ ಮಾತಲ್ಲ. ಇದರ ಮೇಲೆ ಅನೇಕರ ಅನ್ನ ನಿಂತಿದೆ. “ಫೋನಿನಲ್ಲಿಯೇ ಆಗುತ್ತದಂತಲ್ಲ, ಇವನೇಕೆ ಇಷ್ಟು ಹಣ ಕೇಳುತ್ತಾನೆ?” ಎಂಬ ಮಾತನ್ನು ಮದುವೆಯ ಫೋಟೋ ತೆಗೆಯುವವನ ಮುಂದೆ ಆಡುವವರನ್ನು ನಾನು ಕೇಳಿದ್ದೇನೆ. ಆಡಿದವರು ದುಷ್ಟರಲ್ಲ. ಸಾಧನ ಅಗ್ಗವಾದರೆ ಕೆಲಸವೂ ಅಗ್ಗವಾಗಬೇಕೆಂಬುದು ಅವರಿಗೆ ಸಹಜವಾದ ಗಣಿತ. ಕಾಗದ ಲೇಖನಿಗಳ ಬೆಲೆಯನ್ನು ಕೂಡಿಸಿ ಕಾದಂಬರಿಗೆ ಬೆಲೆ ಕಟ್ಟಿದಂತೆ ಅದು. ಆ ಗಣಿತವನ್ನು ಅವರಿಗೆ ಕಲಿಸಿದ್ದು ಉಳಿಯನ್ನು ಹೊಗಳುವ ಈ ಹೊಸ ಪದ್ಧತಿಯೇ.

ಇನ್ನೊಂದು ನೋವು ನನ್ನ ತರಗತಿಯಲ್ಲಿ ಕಾಣುವಂಥದು. ಇಂದಿನ ವಿದ್ಯಾರ್ಥಿಗಳಲ್ಲಿ ಹಲವರು ಫೋನಿನಲ್ಲಿ ಕಿರುಚಿತ್ರ ತೆಗೆಯುತ್ತಾರೆ. ಮೊದಲ ಚಿತ್ರ ಕೆಟ್ಟದಾಗಿ ಬರುತ್ತದೆ, ಬರಬೇಕಾದದ್ದೇ. ಹಿಂದಿನ ಕಾಲದವನಾಗಿದ್ದರೆ “ನನಗೆ ಒಳ್ಳೆಯ ಕ್ಯಾಮೆರಾ ಇಲ್ಲ” ಎಂದು ಸಮಾಧಾನ ಹೇಳಿಕೊಂಡು ಅಭ್ಯಾಸ ಮುಂದುವರಿಸುತ್ತಿದ್ದ. ಈ ಹುಡುಗನಿಗೆ ಆ ಸಮಾಧಾನವೂ ಇಲ್ಲ. ಅದೇ ಫೋನಿನಲ್ಲಿ ಜಗತ್ತು ಮೆಚ್ಚುವ ಚಿತ್ರ ತೆಗೆದಿದ್ದಾರಂತೆ. ಹಾಗಿದ್ದರೆ ಕೊರತೆ ತನ್ನಲ್ಲಿಯೇ ಎಂದು ಅವನು ತೀರ್ಮಾನಿಸುತ್ತಾನೆ. ಆ ಚಿತ್ರದ ಹಿಂದೆ ಇಪ್ಪತ್ತು ವರ್ಷ ಬೆಳಕನ್ನು ನೋಡಿ ಪಳಗಿದ ಕಣ್ಣೊಂದಿರಬಹುದೆಂದು ಅವನಿಗೆ ಯಾರೂ ಹೇಳಿಲ್ಲ. ಸಾಧನ ಸಿಕ್ಕಿತು, ಸಾಧನೆಯ ದಾರಿಯನ್ನು ಮರೆಮಾಡಿದರು. ಒಂದೇ ಧಾತುವಿನಿಂದ ಹುಟ್ಟಿದ ಈ ಎರಡು ಮಾತುಗಳ ನಡುವೆ ಎಷ್ಟು ವರ್ಷಗಳ ಹಾದಿಯಿದೆ!

ಹೀಗೆಂದ ಮಾತ್ರಕ್ಕೆ ಸಣ್ಣ ಕ್ಯಾಮೆರಾ ತಂದ ಉಪಕಾರವನ್ನು ನಾನು ಅಲ್ಲಗಳೆಯುತ್ತಿಲ್ಲ. 2015ರಲ್ಲಿ ತೆರೆಕಂಡ ‘ಟ್ಯಾಂಜರೀನ್’ ಎಂಬ ಪೂರ್ಣ ಚಲನಚಿತ್ರವನ್ನು ಶಾನ್ ಬೇಕರ್ ಇದೇ ಐಫೋನ್ 5ಎಸ್‌ನಲ್ಲಿ ತೆಗೆದರು. ಲಾಸ್ ಏಂಜಲಿಸ್ ನಗರದ ಬೀದಿಯಲ್ಲಿ ಬದುಕುವ, ದೊಡ್ಡ ಕ್ಯಾಮೆರಾಗಳು ತಿರುಗಿಯೂ ನೋಡದ ಜನರ ಕಥೆ ಅದು. ಹಣವಿಲ್ಲದವನಿಗೆ ಫೋನು ಬಾಗಿಲು ತೆರೆಯಿತು; ಅದು ನಿಜವಾದ ಪುಣ್ಯ. ಇಲ್ಲದವನು ಇದ್ದುದರಲ್ಲಿ ಮಾಡಿದ್ದಕ್ಕೂ, ಎಲ್ಲ ಇದ್ದವನು ಇಲ್ಲದವನಂತೆ ಮಾಡಿ ತೋರಿಸಿದ್ದಕ್ಕೂ ಅಂತರವಿಲ್ಲವೆ? ಮೊದಲನೆಯದು ಬಡತನವನ್ನು ಗೆದ್ದದ್ದು; ಎರಡನೆಯದು ಬಡತನವನ್ನು ಒಡವೆಯಾಗಿ ತೊಟ್ಟದ್ದು. ಆಪಲ್ ಸಂಸ್ಥೆಯೇ 2023ರ ಅಕ್ಟೋಬರ್ 30ರ ತನ್ನ ಸಮಾರಂಭವನ್ನು ತನ್ನ ಫೋನಿನಲ್ಲಿ ಚಿತ್ರಿಸಿತು. ಆಮೇಲೆ ತೆರೆಮರೆಯ ಚಿತ್ರವನ್ನೂ ಹೊರಬಿಟ್ಟಿತು. ಅದರಲ್ಲಿ ಕ್ರೇನುಗಳಿದ್ದವು, ದೊಡ್ಡ ದೀಪಗಳಿದ್ದವು, ಅವುಗಳ ಹಿಂದೆ ದುಡಿಯುವ ತಂಡವಿತ್ತು. ಅವೆಲ್ಲದರ ನಡುವೆ ಫೋನು ಅಂಬಾರಿಯ ಮೇಲೆ ಕುಳಿತ ಉತ್ಸವಮೂರ್ತಿಯಂತೆ ಕಾಣುತ್ತಿತ್ತು. ನೋಡಿದವರು ಕೆಲವರು ಹಾಸ್ಯ ಮಾಡಿದರು. ನನಗಾದರೋ ಆ ತೆರೆಮರೆಯ ಚಿತ್ರವೇ ಹೆಚ್ಚು ಗೌರವದ್ದೆಂದು ತೋರಿತು. ಅಂಬಾರಿಯೊಂದನ್ನೇ ತೋರಿಸದೆ ಆನೆಯನ್ನೂ ಮಾವುತನನ್ನೂ ತೋರಿಸಿದರಲ್ಲ!

ನಾನು ಬೇಡುವುದು ದೊಡ್ಡ ಸುಧಾರಣೆಯನ್ನಲ್ಲ. ಉಪಕರಣದ ಹೆಸರನ್ನು ಹೇಳುವ ಕಡೆಯಲ್ಲೆಲ್ಲ ಅಷ್ಟೇ ದೊಡ್ಡ ಅಕ್ಷರದಲ್ಲಿ ಅದನ್ನು ಹಿಡಿದವರ ಹೆಸರನ್ನೂ, ಹಿಡಿದ ಗಂಟೆಗಳನ್ನೂ ಹೇಳಲಿ. ಅವರು ಹೇಳದಿದ್ದರೆ ನೋಡುವ ನಾವಾದರೂ ಕೇಳೋಣ: ಚೌಕಟ್ಟಿನ ಆಚೆ ಯಾರಿದ್ದರು, ಎಷ್ಟು ಹೊತ್ತು ನಿಂತಿದ್ದರು, ಅದಕ್ಕೆ ಎಷ್ಟು ವರ್ಷ ಮೊದಲಿನಿಂದ ಕಲಿಯುತ್ತಿದ್ದರು? ಈ ಪ್ರಶ್ನೆ ಕೇಳಿದ್ದರಿಂದ ಯಾವ ಒಳ್ಳೆಯ ಚಿತ್ರದ ಸೊಗಸೂ ಕುಂದುವುದಿಲ್ಲ. ಫೋನುಗಳು ವರ್ಷಕ್ಕೊಮ್ಮೆ ಹಳತಾಗುತ್ತವೆ. 2014ರಲ್ಲಿ ಅಚ್ಚರಿ ಹುಟ್ಟಿಸಿದ್ದು ಈಗ ಮೇಜಿನ ಖಾನೆಯಲ್ಲಿ ಬಿದ್ದಿದೆ. ಕಲಿತ ಕೈ ಹಾಗೆ ಹಳತಾಗುವುದಿಲ್ಲ. ಮಲ್ಲಿತಮ್ಮನ ಉಳಿ ತುಕ್ಕು ತಿಂದು ಮಣ್ಣಾಗಿ ಎಷ್ಟು ಕಾಲವಾಯಿತೋ. ಅವನ ಹೆಸರನ್ನು ನಾವು ಈಗಲೂ ಕಲ್ಲಿನಲ್ಲಿ ಓದುತ್ತಿದ್ದೇವೆ.