ಸಹಾಯವಾಣಿಯ ಹಣ: ದಾನವೋ, ಋಣವೋ

ಮಾನವ ಕಳ್ಳಸಾಗಣೆಗೆ ಸಿಕ್ಕವರ ಕರೆಗೆ ಓಗೊಡುವ ಸಹಾಯವಾಣಿಗಳಿಗೆ ಸರ್ಕಾರ ಹಣ ಕೊಡುತ್ತದೆ. ಆ ಹಣ ದಾನವಾದರೆ ಬೊಕ್ಕಸ ಸೊರಗಿದ ವರ್ಷ ಅದನ್ನು ಮೊಟಕುಗೊಳಿಸಬಹುದು. ಋಣವಾದರೆ ಹಾಗೆ ಮಾಡಲಾಗದು. ಬಜೆಟ್ಟಿನ ಒಂದು ಸಾಲು ಹೀಗೆ ಧರ್ಮಜಿಜ್ಞಾಸೆಯ ಹಳೆಯ ಪ್ರಶ್ನೆಯೊಂದನ್ನು ಎತ್ತುತ್ತದೆ.

ಬೆಂಗಳೂರಿನ ದಂಡು ಪ್ರದೇಶಕ್ಕೂ ಅದರ ಪೂರ್ವದ ಬಡಾವಣೆಗಳಿಗೂ ಈ ಪ್ರಶ್ನೆ ದೂರದ್ದಲ್ಲ. ಶಿವಾಜಿನಗರಕ್ಕೆ ಹತ್ತಿರದ ಇನ್‌ಫೆಂಟ್ರಿ ರಸ್ತೆಯ ಪೊಲೀಸ್ ಆಯುಕ್ತರ ಕಚೇರಿಯಲ್ಲಿ 1990ರ ದಶಕದ ಕೊನೆಯಿಂದ ವನಿತಾ ಸಹಾಯವಾಣಿ ನಡೆದುಬಂದಿದೆ. ಮಕ್ಕಳಿಗಾಗಿ 1996ರಲ್ಲಿ ಮುಂಬಯಿಯಲ್ಲಿ ಹುಟ್ಟಿದ 1098 ಸೇವೆಯನ್ನು ಬೆಂಗಳೂರಿನಲ್ಲಿ ಎಪಿಎಸ್‌ಎ ಮತ್ತು ಬಾಸ್ಕೊ ಸಂಸ್ಥೆಗಳು ಕೇಂದ್ರ ಸರ್ಕಾರದ ಹಣದಲ್ಲಿ ನಡೆಸುತ್ತಿದ್ದವು. 2023ರಲ್ಲಿ ಆ ಸೇವೆ ಸರ್ಕಾರದ ಕೈಗೇ ಹೋಗಿ ತುರ್ತು ಕರೆಗಳ 112ರ ಜಾಲಕ್ಕೆ ಸೇರಿತು. ಮಹಿಳೆಯರ 181 ಸಹಾಯವಾಣಿಗೆ ನಿರ್ಭಯಾ ನಿಧಿಯಿಂದ ಹಣ ಬರುತ್ತದೆ. ಕೆ.ಆರ್. ಪುರ ಮತ್ತು ಬೈಯಪ್ಪನಹಳ್ಳಿಯ ನಿಲ್ದಾಣಗಳಲ್ಲಿ ಬಂಗಾಳ, ಅಸ್ಸಾಂ, ಒಡಿಶಾ ಕಡೆಯ ರೈಲುಗಳಿಂದ ಕೆಲಸ ಅರಸಿ ಇಳಿಯುವವರು ಬಹಳ. ಅವರಲ್ಲಿ ದಲ್ಲಾಳಿಯ ಮಾತು ನಂಬಿ ಬಂದವರೂ ಇರುತ್ತಾರೆ; ಈ ಸಹಾಯವಾಣಿಗಳು ಬೇಕಾಗುವುದು ಅಂಥವರಿಗೆ.

ಭಾರತೀಯ ದಾನಚಿಂತನೆ ಕೊಡುವವನ ವಿವೇಕಕ್ಕೆ ಒತ್ತು ಕೊಡುತ್ತದೆ. ಮರಳಿ ಉಪಕಾರ ಬಯಸದೆ, ತಕ್ಕ ದೇಶದಲ್ಲಿ, ತಕ್ಕ ಕಾಲದಲ್ಲಿ, ತಕ್ಕ ಪಾತ್ರನಿಗೆ ಕೊಟ್ಟದ್ದು ಸಾತ್ವಿಕ ದಾನವೆಂದು ಭಗವದ್ಗೀತೆಯ 17ನೆಯ ಅಧ್ಯಾಯ ಹೇಳುತ್ತದೆ. ಸಹಾಯವಾಣಿ ಈ ಮೂರು ಪರೀಕ್ಷೆಗಳಲ್ಲಿ ಒಂದನ್ನೂ ನಡೆಸುವಂತಿಲ್ಲ. ಕರೆ ಎಲ್ಲಿಂದ ಬರುತ್ತದೋ ತಿಳಿಯದು, ನಡುರಾತ್ರಿ ಬರಬಹುದು, ಮಾಡಿದವರು ಯಾರೆಂದೂ ಗೊತ್ತಿರುವುದಿಲ್ಲ. ಕೆಲವರು ಮಾತೇ ಆಡದೆ ಫೋನ್ ಇಟ್ಟುಬಿಡುತ್ತಾರೆ. ಪಾತ್ರತೆ ತಿಳಿದ ಮೇಲೆ ನೆರವು ಎಂದರೆ ಇಲ್ಲಿ ನೆರವೇ ಇಲ್ಲ ಎಂದಾಗುತ್ತದೆ.

ಪಾತ್ರತೆ ಕೇಳದ ಪರಂಪರೆಗಳೂ ಇವೆ. ಶರಣರ ದಾಸೋಹದಲ್ಲಿ ಕೊಡುವವನಿಗೆ ಹಿರಿತನವಿಲ್ಲ. ಹಲಸೂರು ಕೆರೆಯ ಬಳಿಯ ಗುರುದ್ವಾರದ ಲಂಗರಿನಲ್ಲಿ ಕುಳಿತವರ ಜಾತಿಯನ್ನಾಗಲಿ ಧರ್ಮವನ್ನಾಗಲಿ ಯಾರೂ ವಿಚಾರಿಸುವುದಿಲ್ಲ. ಬಂಧನದಲ್ಲಿರುವವರ ಬಿಡುಗಡೆಯನ್ನೇ ಗುರಿಯಾಗಿಸಿ ಹಣ ಮೀಸಲಿಟ್ಟ ಮಾದರಿಗಳೂ ಇವೆ. ಜಕಾತ್ ವಿನಿಯೋಗಕ್ಕೆ ಕುರಾನ್ ಹೇಳುವ ಎಂಟು ಬಾಬುಗಳಲ್ಲಿ ದಾಸ್ಯದಲ್ಲಿರುವವರ ವಿಮೋಚನೆ ಒಂದು. 1198ರಲ್ಲಿ ಪೋಪರ ಮಾನ್ಯತೆ ಪಡೆದ ಟ್ರಿನಿಟೇರಿಯನ್ ಸಂಘ ತನ್ನ ಆದಾಯದ ಮೂರನೆಯ ಒಂದು ಪಾಲನ್ನು ಸೆರೆಯಾಳುಗಳ ಬಿಡುಗಡೆಗೆ ತೆಗೆದಿಡುತ್ತಿತ್ತು. ಈ ಕೊನೆಯ ಎರಡೂ ಮನಸ್ಸಿನ ಔದಾರ್ಯವನ್ನು ನಂಬದೆ, ಪಾಲನ್ನು ಮೊದಲೇ ಗೊತ್ತುಮಾಡಿದ ಏರ್ಪಾಡುಗಳು.

ಗೊತ್ತುಮಾಡಿದ ಪಾಲು ದಾನಕ್ಕಿಂತ ಋಣಕ್ಕೆ ಹತ್ತಿರ. ಮನುಷ್ಯ ಹುಟ್ಟುವಾಗಲೇ ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ, ಸಹಮಾನವರಿಗೆ ಸಾಲಗಾರನಾಗಿರುತ್ತಾನೆ ಎಂಬುದು ಶತಪಥ ಬ್ರಾಹ್ಮಣದ ಮಾತು. ಸಹಮಾನವರ ಋಣ ತೀರುವುದು ಆಶ್ರಯ ಮತ್ತು ಅನ್ನ ಕೊಡುವುದರಿಂದ. ಆಧುನಿಕ ಭಾರತದಲ್ಲಿ ಇದೇ ಹೊಣೆಯನ್ನು ಸಂವಿಧಾನದ 23ನೆಯ ವಿಧಿ ಕಾನೂನಿನ ಭಾಷೆಗೆ ತಂದಿದೆ. ಅದು ಮನುಷ್ಯರ ಮಾರಾಟವನ್ನೂ ಬಿಟ್ಟಿ ದುಡಿಮೆಯನ್ನೂ ನಿಷೇಧಿಸುತ್ತದೆ, ರಕ್ಷಣೆಯನ್ನು ಪೌರರಿಗಷ್ಟೇ ಸೀಮಿತಗೊಳಿಸುವುದಿಲ್ಲ. ಈ ಹಕ್ಕನ್ನು ಖಾಸಗಿ ವ್ಯಕ್ತಿ ಮುರಿದರೂ ತಡೆಯುವುದು ಸರ್ಕಾರದ ಕರ್ತವ್ಯವೆಂದು 1982ರಲ್ಲಿ, ಏಷ್ಯಾಡ್ ಕ್ರೀಡಾಕೂಟದ ಕಾಮಗಾರಿಯ ಕೂಲಿಗಾರರ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು.

ಪೌರತ್ವ ಕೇಳದ ರಕ್ಷಣೆ ಏಕೆ ಬೇಕೆಂಬುದಕ್ಕೆ ಕೆ.ಆರ್. ಪುರದ ಪಕ್ಕದ ರಾಮಮೂರ್ತಿನಗರದ ಪ್ರಕರಣ ಸಾಕ್ಷಿ. ಕಳ್ಳಸಾಗಣೆಯಾಗಿ ಬಂದಿದ್ದ ಬಾಂಗ್ಲಾದೇಶದ ಯುವತಿಯೊಬ್ಬಳ ಮೇಲೆ ಅಲ್ಲಿ ಸಾಮೂಹಿಕ ಅತ್ಯಾಚಾರ ನಡೆಯಿತು. 2021ರ ಮೇ ತಿಂಗಳಲ್ಲಿ ಅದು ಬೆಳಕಿಗೆ ಬಂದದ್ದು ಅವಳ ಕರೆಯಿಂದಲ್ಲ, ದುಷ್ಕರ್ಮಿಗಳೇ ಚಿತ್ರೀಕರಿಸಿದ ವಿಡಿಯೊ ಹರಿದಾಡಿದ್ದರಿಂದ. ಮರುವರ್ಷ ವಿಶೇಷ ನ್ಯಾಯಾಲಯ 11 ಮಂದಿಯನ್ನು ಅಪರಾಧಿಗಳೆಂದು ತೀರ್ಮಾನಿಸಿ, 7 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಕಾಗದಪತ್ರವಿಲ್ಲದವರಿಗೆ ಪೊಲೀಸರ ಭಯ ದಲ್ಲಾಳಿಯ ಭಯಕ್ಕಿಂತ ಕಡಿಮೆಯದಲ್ಲ. ಅಂಥವರಿಗೆ ಇಲ್ಲಿ ಬಂಧುವಿಲ್ಲ, ಜಾತಿಯಿಲ್ಲ, ಮಠವಿಲ್ಲ, ಜಮಾತ್ ಇಲ್ಲ. ಯಾರಿಗೂ ಸೇರದವರ ಹೊಣೆ ಎಲ್ಲರ ಹೆಸರಿನಲ್ಲಿ ಆಳುವ ಪ್ರಭುತ್ವದ್ದಾಗುತ್ತದೆ.

ಪ್ರಭುತ್ವದ ಹಣ ತಾನಾಗಿಯೇ ನಿರ್ಮಲವೆಂದು ಇದರ ಅರ್ಥವಲ್ಲ. 19ನೆಯ ಶತಮಾನದಲ್ಲಿ ಇದೇ ದಂಡಿನಲ್ಲಿ ಲಾಕ್ ಆಸ್ಪತ್ರೆ ಇತ್ತು. ಸೈನಿಕರಿಗೆ ಗುಹ್ಯರೋಗ ತಗಲದಿರಲೆಂದು ವೇಶ್ಯೆಯರ ಹೆಸರು ದಾಖಲಿಸಿ, ಬಲವಂತವಾಗಿ ತಪಾಸಣೆ ಮಾಡುವುದು ಅಂಥ ಆಸ್ಪತ್ರೆಗಳ ಕೆಲಸ. ಇದಕ್ಕೆ ಆಧಾರವಾಗಿದ್ದ 1868ರ ಸಾಂಕ್ರಾಮಿಕ ರೋಗಗಳ ಕಾಯ್ದೆ 1888ರಲ್ಲಿ ರದ್ದಾಯಿತು. ಅಲ್ಲಿ ಖರ್ಚು ಹೆಣ್ಣಿನ ಮೇಲೆ, ಕಾಳಜಿ ಸೈನಿಕನ ಮೇಲೆ. ಋಣವು ಸಲ್ಲಬೇಕಾದವರಿಗೇ ಸಲ್ಲುತ್ತಿದೆಯೇ ಎಂದು ನೋಡುವುದು ಆದ್ದರಿಂದ ಅಗತ್ಯ.

ಋಣವಾದಕ್ಕೆ ಎರಡು ಆಕ್ಷೇಪಗಳಿವೆ. ತೆರಿಗೆಯಾಗಿ ಕಿತ್ತುಕೊಂಡ ಹಣದಲ್ಲಿ ಪುಣ್ಯವೇನಿದೆ ಎಂಬುದು ಮೊದಲನೆಯದು. ಸಾಲ ತೀರಿಸುವವನಿಗೆ ಪುಣ್ಯ ಬರಬೇಕಿಲ್ಲ, ಸಾಲ ಕೊಟ್ಟವರಿಗೆ ಅವರದು ಮುಟ್ಟಬೇಕು ಎಂಬುದು ಅದಕ್ಕೆ ಉತ್ತರ. ಎರಡನೆಯದು ಧಾರ್ಮಿಕ ಸಂಸ್ಥೆಗಳ ಕುರಿತದ್ದು. ಬಾಸ್ಕೊ ಕ್ಯಾಥೊಲಿಕ್ ಸಲೇಶಿಯನ್ನರ ಸಂಸ್ಥೆ. ಒಂದು ಧರ್ಮದ ಪ್ರಸಾರಕ್ಕೆಂದು ತೆರಿಗೆ ಹೇರುವುದನ್ನು 27ನೆಯ ವಿಧಿ ನಿಷೇಧಿಸುತ್ತದೆ, ಆದರೆ ಧಾರ್ಮಿಕರು ಮಾಡುವ ಲೋಕಸೇವೆಗೆ ನೆರವು ಕೊಡಬಾರದೆಂದು ಅದು ಹೇಳುವುದಿಲ್ಲ. ತೊಡಕು ಬರುವುದು ಸೇವೆಗೆ ಷರತ್ತು ಅಂಟಿಕೊಂಡಾಗ. ಅಮೆರಿಕದಲ್ಲಿ ಕಳ್ಳಸಾಗಣೆಯ ಸಂತ್ರಸ್ತರ ನೆರವಿನ ಸರ್ಕಾರಿ ಗುತ್ತಿಗೆ ಕ್ಯಾಥೊಲಿಕ್ ಬಿಷಪ್ಪರ ಮಂಡಳಿಗೆ ಸಿಕ್ಕಾಗ, ಗರ್ಭನಿರೋಧಕ್ಕೂ ಗರ್ಭಪಾತಕ್ಕೂ ಆ ಹಣ ಬಳಸಬಾರದೆಂದು ಮಂಡಳಿ ವಿಧಿಸಿತು. ಅದಕ್ಕೆ ಸರ್ಕಾರ ಒಪ್ಪಿದ್ದು ಸಂವಿಧಾನಬಾಹಿರವೆಂದು 2012ರಲ್ಲಿ ಮ್ಯಾಸಚೂಸೆಟ್ಸ್‌ನ ಫೆಡರಲ್ ನ್ಯಾಯಾಲಯ ಹೇಳಿತು. ಗುತ್ತಿಗೆ ಮುಗಿದುಹೋಗಿದ್ದರಿಂದ ಮರುವರ್ಷ ಮೇಲ್ಮನವಿಯಲ್ಲಿ ತೀರ್ಪು ರದ್ದಾಯಿತು, ಪ್ರಶ್ನೆ ಬಗೆಹರಿಯಲಿಲ್ಲ. ಋಣದ ದೃಷ್ಟಿಯಲ್ಲಿ ನೋಡಿದರೆ ಉತ್ತರ ಸರಳ: ಸಾಲಗಾರನ ಪರವಾಗಿ ಹಣ ಮುಟ್ಟಿಸುವವನು ತನ್ನದೇ ಷರತ್ತು ಸೇರಿಸಲಾರ.

ಇದೇ ತತ್ವ ಸರ್ಕಾರಕ್ಕೂ ಅನ್ವಯಿಸುತ್ತದೆ. ಉದ್ಧಾರದ ಹೆಸರಿನಲ್ಲಿ ವಯಸ್ಕ ಹೆಣ್ಣನ್ನು ಅವಳ ಇಷ್ಟಕ್ಕೆ ವಿರುದ್ಧವಾಗಿ ಆಶ್ರಯಧಾಮದಲ್ಲಿ ಕೂಡಿಹಾಕಿದರೆ ಒಂದು ಬಂಧನ ಬಿಡಿಸಿ ಇನ್ನೊಂದಕ್ಕೆ ಒಪ್ಪಿಸಿದಂತೆ. 2022ರಲ್ಲಿ ಬುದ್ಧದೇವ ಕರ್ಮಾಸ್ಕರ್ ಪ್ರಕರಣದ ನಿರ್ದೇಶನಗಳಲ್ಲಿ ಸುಪ್ರೀಂ ಕೋರ್ಟ್ ಲೈಂಗಿಕ ಕಾರ್ಯಕರ್ತೆಯರ ಘನತೆಯನ್ನು ಎತ್ತಿಹಿಡಿದು, ಹಾಗೆ ಕೂಡಿಹಾಕಲಾದವರ ಬಿಡುಗಡೆಗೂ ಸೂಚಿಸಿತು.

ಹಣದ ಲೆಕ್ಕವೂ ಈ ತತ್ವದಿಂದಲೇ ಹೊರಡುತ್ತದೆ. ಎಷ್ಟು ಜನರನ್ನು ಬಿಡಿಸಿದಿರಿ ಎಂದು ಎಣಿಸಿ ಅನುದಾನ ಕೊಡುವುದು ಸಲ್ಲದು, ಕರೆ ಬಾರದ ರಾತ್ರಿಯೂ ಎಚ್ಚರವಿರುವುದೇ ಇಲ್ಲಿ ಕೆಲಸ. ಆಪ್ತಸಮಾಲೋಚಕರ ಗೌರವಧನ ತಿಂಗಳುಗಟ್ಟಲೆ ತಡವಾದರೆ ಋಣದ ಕಂತು ತಪ್ಪಿದಂತೆ. ಬಂಗಾಳಿ, ಒಡಿಯಾ, ಅಸ್ಸಾಮಿ ಬಲ್ಲವರು ಫೋನಿನ ಬಳಿ ಇರಬೇಕು. ಕರೆಯ ಹಿಂದೆಯೇ ಪೊಲೀಸರ ಹೊಯ್ಸಳ ವಾಹನ, ನೊಂದ ಮಹಿಳೆಯರ ನೆರವಿನ ಸಖಿ ಕೇಂದ್ರ, ಆಶ್ರಯ ಕೊಡುವ ಶಕ್ತಿ ಸದನ, ವಕೀಲರ ನೆರವು ಒಂದರ ಹಿಂದೊಂದು ಒದಗಬೇಕು. ಶತಪಥ ಬ್ರಾಹ್ಮಣ ಹೇಳುವ ನಾಲ್ಕನೆಯ ಋಣ ಆಶ್ರಯ, ಅನ್ನಗಳಿಂದ ತೀರುವಂಥದ್ದು, ಫೋನ್ ಎತ್ತಿದರಷ್ಟೇ ಅದು ತೀರುವುದಿಲ್ಲ.