ಇಣುಕಲು ಒಂದು ಕಿಂಡಿ

ಈ ಸಲದ ಬೇಸಿಗೆಯಲ್ಲಿ ನಮ್ಮ ಹಿತ್ತಲಿನ ನಿಂಬೆ ಗಿಡದ ಒಂದು ಎಲೆಯೂ ಬಾಡಲಿಲ್ಲ. ವಿಜಯಪುರದ ಏಪ್ರಿಲ್ ಎಂದರೆ ಬಿಸಿಲು 40 ಡಿಗ್ರಿ ಮುಟ್ಟುವ ತಿಂಗಳು. ಪಕ್ಕದ ಕರಿಬೇವು ಒಣಗಿ ಕಡ್ಡಿಯಾಗಿತ್ತು, ಮಲ್ಲಿಗೆ ಬಳ್ಳಿ ಸೊರಗಿತ್ತು. ನಿಂಬೆ ಮಾತ್ರ ಹೊಸ ಚಿಗುರು ಬಿಟ್ಟು ನಿಂತಿತ್ತು. ಒಂದು ಬೆಳಿಗ್ಗೆ ನಮ್ಮ ಮನೆಯವರು ಪಾತ್ರೆ ತೊಳೆದ ನೀರನ್ನು ಕರಿಬೇವಿನ ಬುಡಕ್ಕೆ ಸುರಿಯುತ್ತ, "ಈ ನಿಂಬಿ ಗಿಡಕ್ಕ ನಾ ನೀರು ಹಾಕಿ ತಿಂಗಳಾತು. ಆದರೂ ಹೆಂಗ ಹಸರಾಗೇತಿ ನೋಡ್ರಿ" ಅಂದರು. ನಾನು ನೋಡಿದೆ, ತಲೆಯಾಡಿಸಿದೆ, ಒಳಗೆ ಹೋದೆ. ಮೂರು ವಾರದಿಂದ ನಾನು ಹುಡುಕುತ್ತಿದ್ದ ಉತ್ತರವನ್ನು ಅವರು ಒಂದೇ ಮಾತಿನಲ್ಲಿ ಹೇಳಿದ್ದರು. ಅದು ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಇಳಿದಿರಲಿಲ್ಲ.

ಹುಡುಕುತ್ತಿದ್ದದ್ದು ನೀರು ಎಲ್ಲಿ ಹೋಗುತ್ತಿದೆ ಎಂಬುದನ್ನು. ಮನೆ ಕಟ್ಟಿಸುವಾಗ ಮಗ ಹಿತ್ತಲಿನಲ್ಲಿ ಒಂದು ಸಣ್ಣ ಕೊಳ ಮಾಡಿಸಿದ್ದ. ಹತ್ತು ಅಡಿ ಉದ್ದ, ಆರೂವರೆ ಅಡಿ ಅಗಲ, ಮೂರಡಿ ಆಳ. ಮೊಮ್ಮಕ್ಕಳು ಬಂದಾಗ ಇಳಿದು ಆಡುವಷ್ಟು. ಒಂದು ಕಡೆ ಶಹಾಬಾದ ಕಲ್ಲಿನ ಗೋಡೆ. ಪಂಪು ಹಾಕಿದರೆ ಆ ಗೋಡೆಯ ನೆತ್ತಿಯಿಂದ ನೀರು ಹಾಳೆಯ ಹಾಗೆ ಇಳಿದು ಮತ್ತೆ ಕೊಳಕ್ಕೇ ಸೇರುತ್ತದೆ. ಗೋಡೆಯ ಕೆಳಗೆ, ನೀರಿನೊಳಗೆ ಒಂದು ದೀಪ. ನಲ್ಲಿಗೆ ನೀರು ಬರುವ ದಿನ ಎಣಿಸುತ್ತ ಕೂಡುವ ಊರಿನಲ್ಲಿ ಇಂಥದ್ದು ಬೇಕೇ ಎಂಬ ಸಂಕೋಚ ನನಗೆ ಮೊದಲಿನಿಂದಲೂ ಇತ್ತು. ಒಮ್ಮೆ ತುಂಬಿದ ನೀರೇ ತಿರುಗುತ್ತಿರುತ್ತದೆ, ಖರ್ಚಾಗುವುದಿಲ್ಲ ಎಂದು ಮಗ ಒಪ್ಪಿಸಿದ್ದ. ಹಾಗಾಗಿಯೇ ನೀರು ದಿನಾ ಇಳಿಯತೊಡಗಿದಾಗ ನನಗೆ ಹೊಟ್ಟೆಯೊಳಗೆ ಸಂಕಟ.

ತೊಂದರೆ ಎರಡಿದ್ದವು. ನೀರು ಇಳಿಯುವುದು ಒಂದು. ಸಂಜೆ ದೀಪ ಹಾಕಿದ ಹತ್ತು ನಿಮಿಷಕ್ಕೆ ಮನೆಯ ಕರೆಂಟೇ ಹೋಗುವುದು ಇನ್ನೊಂದು. ಮೊದಲನೆಯದಕ್ಕೆ ಪ್ಲಂಬರನನ್ನು ಕರೆಸಿದೆ. ಆತ ಕೊಳದ ಸುತ್ತ ಒಮ್ಮೆ ತಿರುಗಿ, ಆಕಾಶ ನೋಡಿ, "ಸರ, ಇದು ಬಿಸಲಿಗೆ ರೀ. ಬ್ಯಾಸಗ್ಯಾಗ ಆಗೂದ ಹಿಂಗ" ಅಂದ. ಎರಡನೆಯದಕ್ಕೆ ಕರೆಸಿದ ಎಲೆಕ್ಟ್ರಿಷಿಯನ್, "ನೀರು ಎಲ್ಲೋ ಒಳಗ ಹೊಂಟಿರಬೇಕ್ರಿ. ಅದು ನನ್ನ ಕೆಲಸಲ್ಲ, ನೀರಿನ್ಯಾಂವನ ಕರೀರಿ" ಅಂದ. ಇಬ್ಬರೂ ಒಳ್ಳೆಯ ಕೆಲಸಗಾರರು. ಆದರೆ ನೀರಿನ ಕೆಲಸ ಮುಗಿದು ಕರೆಂಟಿನ ಕೆಲಸ ಶುರುವಾಗುವ ಆ ನಾಲ್ಕು ಬೆರಳು ಜಾಗ ಯಾರ ಪಾಲಿಗೂ ಬಂದಿರಲಿಲ್ಲ. ದೋಷ ಇದ್ದದ್ದು ಅಲ್ಲಿಯೇ.

ಇಲ್ಲಿ ನಾನು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಯುಗಾದಿಗೆ ಮೊಮ್ಮಕ್ಕಳು ಬರುವವರಿದ್ದರು. ಕೊಳದಲ್ಲಿ ದೀಪ ಇಲ್ಲದಿದ್ದರೆ ಹೇಗೆ ಎಂದು, ದೀಪದ ಲೈನನ್ನು ಆರ್‌ಸಿಸಿಬಿ ತಪ್ಪಿಸಿ ಕೊಡಲು ಎಲೆಕ್ಟ್ರಿಷಿಯನ್‌ಗೆ ಹೇಳಿದೆ. ನಮ್ಮಲ್ಲಿ ಹಲವರು ಈಗಲೂ ಇಎಲ್‌ಸಿಬಿ ಎಂದೇ ಕರೆಯುವ ಪೆಟ್ಟಿಗೆ ಅದು. ಹೋದ ಕರೆಂಟು ಅಷ್ಟೇ ತಿರುಗಿ ಬರುತ್ತಿದೆಯೇ ಎಂದು ಲೆಕ್ಕ ಇಡುವುದು ಅದರ ಕೆಲಸ. 30 ಮಿಲಿಆಂಪಿಯರಿನಷ್ಟು ದಾರಿ ತಪ್ಪಿ ನೆಲಕ್ಕೆ ಹರಿಯುವುದರೊಳಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನು ಕಡಿಯುತ್ತದೆ. ಪಕ್ಕದಲ್ಲಿರುವ ಎಂಸಿಬಿ ಕಾಯುವುದು ವೈರನ್ನು. ಆರ್‌ಸಿಸಿಬಿ ಕಾಯುವುದು ಮನುಷ್ಯನನ್ನು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ನನಗೆ ಇದು ಗೊತ್ತಿತ್ತು. ಆದರೂ ಹೇಳಿದೆ. ಎರಡು ಸಂಜೆ ಮಕ್ಕಳು ಆ ಬೆಳಕಿನ ನೀರಿನಲ್ಲಿ ಆಡಿದರು. ಏನೂ ಆಗಲಿಲ್ಲ. ಆ 'ಏನೂ ಆಗಲಿಲ್ಲ' ಎಂಬುದು ಆಮೇಲೆ ಎಷ್ಟೋ ರಾತ್ರಿ ನನ್ನನ್ನು ಎಬ್ಬಿಸಿ ಕೂಡಿಸಿದೆ. ಪೆಟ್ಟಿಗೆ ದಿನವೂ ಸರಿಯಾದ ಮಾತನ್ನೇ ಹೇಳುತ್ತಿತ್ತು. ನಾನು ಅದರ ಬಾಯಿ ಮುಚ್ಚಿಸಿದ್ದೆ.

ಮಕ್ಕಳು ಊರಿಗೆ ಹೋದ ಮೇಲೆ ಲೈನು ಕಿತ್ತುಹಾಕಿಸಿ, ನಾನೇ ಪರೀಕ್ಷೆಗೆ ಕೂತೆ. ಬಿಸಿಲು ಎಂಬ ಉತ್ತರ ಸುಳ್ಳೇನಲ್ಲ. ತೆರೆದ ನೀರು ಆವಿಯಾಗುತ್ತದೆ. ಆದರೆ ಎಷ್ಟು? ಒಂದು ಬಕೆಟ್ಟಿಗೆ ಕೊಳದ ನೀರನ್ನೇ ತುಂಬಿ, ತೇಲದಂತೆ ಒಳಗೊಂದು ಇಟ್ಟಿಗೆ ಹಾಕಿ, ಕೊಳದ ಮೆಟ್ಟಿಲ ಮೇಲೆ ಇಟ್ಟೆ. ಒಳಗಿನ ನೀರು, ಹೊರಗಿನ ನೀರು ಒಂದೇ ಮಟ್ಟ. ಎರಡಕ್ಕೂ ಪೆನ್ಸಿಲ್ ಗೆರೆ ಎಳೆದು ಪಂಪು ಬಂದ್ ಮಾಡಿದೆ. ಒಂದೇ ಬಿಸಿಲು, ಒಂದೇ ಗಾಳಿ, ಒಂದೇ ನೀರು. ಮರುದಿನ ಅದೇ ಹೊತ್ತಿಗೆ ಅಳೆದರೆ ಬಕೆಟ್ಟಿನಲ್ಲಿ 8 ಮಿಲಿಮೀಟರ್ ಇಳಿದಿತ್ತು, ಕೊಳದಲ್ಲಿ 29. ನಮ್ಮ ಕೊಳದ ಅಳತೆಗೆ ಒಂದು ಮಿಲಿಮೀಟರ್ ಎಂದರೆ ಸುಮಾರು ಆರು ಲೀಟರ್. ಬಿಸಿಲಿನ ಪಾಲು ಕಳೆದರೆ ಉಳಿದದ್ದು ದಿನಕ್ಕೆ 126 ಲೀಟರ್. ನಮ್ಮ ಓಣಿಯಲ್ಲಿ ಟ್ಯಾಂಕರ್ ಬಂದಾಗ ಕೊಡಕ್ಕೆ ಕೊಡ ತಾಗಿಸಿಕೊಂಡು ನಿಲ್ಲುವವರನ್ನು ನಾನು ನೋಡಿದ್ದೇನೆ. ಅಂಥ ಎಂಟು ಕೊಡ ನೀರು ದಿನವೂ ಸದ್ದಿಲ್ಲದೆ ನೆಲ ಸೇರುತ್ತಿತ್ತು.

ಆ ಬಕೆಟ್ಟಿನ ಮುಂದೆ ಕೂತಿದ್ದಾಗ ನನಗೆ ಅಪ್ಪ ನೆನಪಾದರು. ಕೊನೆಯ ವರ್ಷ ಅಪ್ಪ ಸೊರಗುತ್ತ ಹೋದರು. ಅಂಗಿಯ ತೋಳು ಜೋತುಬಿದ್ದಿತ್ತು, ಒಂದು ರೊಟ್ಟಿ ಅರ್ಧಕ್ಕೆ ಬಂದಿತ್ತು. ವಯಸ್ಸಾತು, ಆಗೂದ ಹಿಂಗ ಎಂದು ಮನೆಯವರೆಲ್ಲ ಅಂದೆವು, ನಾನೂ ಅಂದೆ. ಸುಳ್ಳಲ್ಲ, ವಯಸ್ಸಾಗಿತ್ತು. ಆದರೆ ಅಪ್ಪನ ಓರಗೆಯ ಗೆಳೆಯರೊಬ್ಬರು ದಿನಾ ಸಂಜೆ ಎದುರಿನ ಕಟ್ಟೆಯ ಮೇಲೆ ಬಂದು ಕೂಡುತ್ತಿದ್ದರು. ಅದೇ ವಯಸ್ಸು, ಅದೇ ಊರಿನ ಗಾಳಿ, ಅದೇ ಜೋಳದ ರೊಟ್ಟಿ. ಅವರ ಅಂಗಿ ಸಡಿಲಾಗಿರಲಿಲ್ಲ. ನನ್ನ ಬಕೆಟ್ಟು ಕಣ್ಣೆದುರೇ ಇತ್ತು, ನಾನು ಗೆರೆ ಎಳೆದು ನೋಡಲಿಲ್ಲ. ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾಗುವ ಹೊತ್ತಿಗೆ ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಅಪ್ಪನಾದರೂ ಬಾಯಿ ಬಿಟ್ಟು ಹೇಳುವ ಮನುಷ್ಯರಲ್ಲ. ಆರಾಮ ಅದೀನಿ ಎಂಬ ಒಂದು ಮಾತಿನಿಂದ ಎಲ್ಲ ಪ್ರಶ್ನೆಗಳನ್ನೂ ಮುಚ್ಚಿಬಿಡುತ್ತಿದ್ದರು. ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ನಡುವೆ 'ವಯಸ್ಸು' ಎಂಬ ಕಾರಣ ಚಪ್ಪಡಿಯಂತೆ ಕೂತಿತ್ತು.

ಅರ್ಧ ಸತ್ಯವಾದ ಕಾರಣದಷ್ಟು ಗಟ್ಟಿ ಮುಚ್ಚಳ ಇನ್ನೊಂದಿಲ್ಲ. ಪೂರಾ ಸುಳ್ಳನ್ನು ಯಾರಾದರೂ ಒಂದು ದಿನ ಎತ್ತಿ ನೋಡುತ್ತಾರೆ. ಬಿಸಿಲು, ವಯಸ್ಸು, ಕಾಲ ಕೆಟ್ಟಿದೆ ಎಂಬಂಥ ಮಾತುಗಳನ್ನು ಯಾರೂ ಎತ್ತಿ ನೋಡುವುದಿಲ್ಲ, ಏಕೆಂದರೆ ಅವುಗಳಲ್ಲಿ ನಿಜವೂ ಇರುತ್ತದೆ. ಕೇಳಬೇಕಾದದ್ದು ನಿಜವೇ ಎಂದಲ್ಲ, ಎಷ್ಟು ಪಾಲು ನಿಜ ಎಂದು.

ಸೋರುತ್ತಿದೆ ಎಂದು ಖಚಿತವಾಯಿತು. ಎಲ್ಲಿ ಎಂದು ಗೊತ್ತಾಗಬೇಕಿತ್ತು. ಅದಕ್ಕೆ ಇರುವ ಉಪಾಯ ಸರಳವಾದದ್ದು, ಮಾಡಲು ಮಾತ್ರ ಕಷ್ಟ: ನೀರು ತುಂಬಿಸುವುದನ್ನು ನಿಲ್ಲಿಸಿ, ಇಳಿಯಲು ಬಿಡಬೇಕು. ತೂತಿನ ಮಟ್ಟಕ್ಕೆ ಬಂದ ಮೇಲೆ ನೀರು ತಾನೇ ನಿಲ್ಲುತ್ತದೆ. ಅಷ್ಟು ದಿನ ನಾನು ಪ್ರತಿ ಬೆಳಿಗ್ಗೆ ಬೋರಿನ ಪೈಪು ಹಿಡಿದು ಇಳಿದಷ್ಟನ್ನೂ ತುಂಬಿಸುತ್ತಿದ್ದೆ. ತುಂಬಿಸಿದಷ್ಟು ಕಾಲ ತೂತು ನೀರಿನ ಕೆಳಗೆ ಅಡಗಿಯೇ ಇರುತ್ತಿತ್ತು. ಕೊರತೆಯನ್ನು ದಿನಾ ತುಂಬಿಕೊಡುವ ಕೈಯೇ ಕಾರಣವನ್ನು ಮರೆಮಾಡುತ್ತದೆ ಎಂದು ನನಗೆ ಹೊಳೆದದ್ದು ಪೈಪು ಕೆಳಗಿಟ್ಟ ಮೇಲೆ. ಏಳನೆಯ ದಿನ ನೀರು ಆರು ಇಂಚು ಇಳಿದು ನಿಂತಿತು. ಅಲ್ಲಿಂದ ಮುಂದೆ ಬಕೆಟ್ಟಿನಷ್ಟೇ, ಬಿಸಿಲಿನ ಪಾಲಷ್ಟೇ ಇಳಿಯಿತು. ನಿಂತ ಮಟ್ಟ ಸರಿಯಾಗಿ ದೀಪದ ಗೂಡಿನ ಹಿಂದೆ ವೈರು ಗೋಡೆಯೊಳಗೆ ಹೋಗುವ ಜಾಗಕ್ಕಿತ್ತು.

ಕಣ್ಣಾರೆ ನೋಡಬೇಕೆಂದು ನಾಲ್ಕು ಬೆರಳು ಮೇಲೆ ಬರುವಷ್ಟು ಮತ್ತೆ ನೀರು ಬಿಟ್ಟೆ. ಅಲೆ ಅಡಗುವವರೆಗೆ ಕಾದೆ. ಬಟ್ಟೆಗೆ ಹಾಕುವ ನೀಲಿಯನ್ನು ಸಿರಿಂಜಿನಲ್ಲಿ ಎಳೆದುಕೊಂಡು, ದೀಪದ ಗೂಡಿನ ಹತ್ತಿರ ಒಂದು ಹನಿ ಬಿಟ್ಟೆ. ಬೇರೆ ಕಡೆ ಬಿಟ್ಟ ನೀಲಿ ಮೋಡದಂತೆ ಹರಡಿ ಅಲ್ಲೇ ಸುಳಿದಿತ್ತು. ಇಲ್ಲಿ ಬಿಟ್ಟದ್ದು ಎಳೆಯಾಯಿತು, ನೇರ ನಿಂತಿತು, ಯಾರೋ ಆ ಕಡೆಯಿಂದ ದಾರ ಎಳೆದ ಹಾಗೆ ವೈರಿನ ಪಕ್ಕದ ಸಂದಿಯೊಳಗೆ ಜಾರಿ ಹೋಯಿತು. ನಾನು ಮೂರು ಸಲ ಬಿಟ್ಟು ನೋಡಿದೆ. ಮೂರು ಸಲವೂ ಹೋಯಿತು.

ವೈರಿಗೆ ಹಾಕಿದ್ದ ರಬ್ಬರಿನ ಬಿರಡೆ ಗಟ್ಟಿಯಾಗಿ ಸೀಳಿತ್ತು. ಅಲ್ಲಿಂದ ಒಳಹೊಕ್ಕ ನೀರು ವೈರು ಹೋಗುವ ಪೈಪನ್ನೇ ಕಾಲುವೆ ಮಾಡಿಕೊಂಡಿತ್ತು. ಆ ಪೈಪು ಎಲ್ಲಿಗೆ ಹೋಗುತ್ತದೆ? ಯಾರಿಗೂ ನೆನಪಿರಲಿಲ್ಲ, ಕಟ್ಟಿದ ಕಂಟ್ರಾಕ್ಟರು ನಕ್ಷೆ ಕೊಟ್ಟಿರಲಿಲ್ಲ. ಆಗ ನಿಂಬೆ ಗಿಡ ನೆನಪಾಯಿತು. ಅದರ ಹತ್ತಿರದ ಕಾಂಪೌಂಡು ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಕಟ್ಟಿದ್ದೂ ಈಗ ಕಂಡಿತು. ನಮ್ಮ ಬೋರಿನದು ಸವಳು ನೀರು. ಆವಿಯಾದರೆ ಉಪ್ಪನ್ನು ಕೊಳದಲ್ಲೇ ಬಿಟ್ಟು ಹೋಗುತ್ತದೆ, ಸೋರಿದರೆ ಜೊತೆಗೆ ಒಯ್ಯುತ್ತದೆ. ಉಪ್ಪು ಗೋಡೆಯ ಬುಡಕ್ಕೆ ಬಂದು ಕೂತಿದೆ ಎಂದರೆ ನೀರು ನಡೆದು ಬಂದಿದೆ ಎಂದೇ ಅರ್ಥ.

ಮನೆಯ ಮೇನ್ ಸ್ವಿಚ್ ತೆಗೆದು ಎಲೆಕ್ಟ್ರಿಷಿಯನ್, ಪ್ಲಂಬರ್ ಇಬ್ಬರನ್ನೂ ಒಟ್ಟಿಗೆ ಕರೆಸಿದೆ. ಗಿಡದ ಹತ್ತಿರದ ಹಾಸುಗಲ್ಲುಗಳನ್ನು ಎತ್ತಲು ಬರಲಿಲ್ಲ, ಸಿಮೆಂಟು ಹಾಕಿ ಕೂಡಿಸಿದ್ದರು. ಮೂರು ಕಲ್ಲು ಒಡೆಯಬೇಕಾಯಿತು. ಒಂದು ಅಡಿ ಕೆಳಗೆ ಪ್ಲಾಸ್ಟಿಕ್ ಡಬ್ಬಿ. ಮುಚ್ಚಳ ತೆಗೆದರೆ ಕಂಠಮಟ ನೀರು, ನೀಲಿ ಬಣ್ಣದ ನೀರು. ಅದರೊಳಗೆ ದೀಪದ ಟ್ರಾನ್ಸ್‌ಫಾರ್ಮರ್ ಮುಳುಗಿತ್ತು. ದೀಪವೇನೋ 12 ವೋಲ್ಟಿನದು, ನೀರಿನೊಳಗೆ ಇರಬೇಕಾದದ್ದೇ ಅಂಥದ್ದು. ಆದರೆ 230 ವೋಲ್ಟನ್ನು 12 ಮಾಡುವ ಪೆಟ್ಟಿಗೆಯನ್ನು ನೆಲದೊಳಗೆ ಹೂಳಿದ್ದರು. ಮನೆಯ ಕರೆಂಟು ಅಲ್ಲಿಯವರೆಗೆ ಬರುತ್ತಿತ್ತು, ಅಲ್ಲಿಂದ ಕೊಳದವರೆಗೆ ಪೈಪಿನ ತುಂಬ ನೀರು. ಎಲೆಕ್ಟ್ರಿಷಿಯನ್ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಯುಗಾದಿಯ ಎರಡು ಸಂಜೆ ನಮ್ಮಿಬ್ಬರ ನೆನಪಿಗೂ ಬಂದಿತ್ತು. ಪ್ಲಂಬರ್ ಮಾತ್ರ ಡಬ್ಬಿಯನ್ನೇ ನೋಡುತ್ತ, "ಇದು ಎರಡೂ ಒಂದ ರೋಗ ರೀ ಸರ" ಅಂದ.

ಬಿರಡೆ ಸೀಳಿದ್ದಕ್ಕೆ ನನಗೆ ಸಿಟ್ಟಿಲ್ಲ. ರಬ್ಬರು ನಮ್ಮ ಬಿಸಿಲಿಗೆ, ಸವಳು ನೀರಿಗೆ ಐದಾರು ವರ್ಷ ಬಾಳಿದ್ದೇ ಹೆಚ್ಚು. ಸಿಟ್ಟು ಇರುವುದು ಆ ಮೂರು ಹಾಸುಗಲ್ಲುಗಳ ಮೇಲೆ. ಒಂದು ದಿನ ಇದು ಕೆಡುತ್ತದೆ, ಆಗ ಯಾರೋ ಬಂದು ನೋಡಬೇಕಾಗುತ್ತದೆ ಎಂಬ ಯೋಚನೆಯೇ ಇಲ್ಲದೆ ಚೆಂದ ಕಾಣಲೆಂದು ಮುಚ್ಚಿದರಲ್ಲ, ಅದು ತಪ್ಪು. ಈ ತಪ್ಪು ಹಿತ್ತಲಿಗಷ್ಟೇ ಸೇರಿದ್ದಲ್ಲ. ರಸ್ತೆಗೆ ಹೊಸ ಡಾಂಬರು ಹಾಕುವಾಗ ನೀರಿನ ವಾಲ್ವ್ ಚೇಂಬರಿನ ಮುಚ್ಚಳದ ಮೇಲೂ ಹಾಕಿ ಹೋಗುತ್ತಾರೆ. ಆರು ತಿಂಗಳಿಗೆ ಅದನ್ನು ಹುಡುಕಲು ರಸ್ತೆ ಅಗೆಯುತ್ತಾರೆ. ಹುಡುಕಾಟ ಮುಗಿಯುವವರೆಗೆ ಸೋರಿದ ನೀರಿಗೆ ಲೆಕ್ಕ ಇಡುವವರಿಲ್ಲ.

ಇದೇ ಊರಿನಲ್ಲಿ ಬೇರೆ ಥರ ಯೋಚಿಸಿದವರಿದ್ದರು. ಸುಲ್ತಾನ ಮೊಹಮ್ಮದ್ ಆದಿಲ್ ಷಾ 1651ರಲ್ಲಿ ಕಟ್ಟಿಸಿದ ಬೇಗಂ ತಲಾಬ್ ಕೆರೆಯಿಂದ ಕೋಟೆಯ ಒಳಗಿನವರೆಗೆ ಮಣ್ಣಿನ ಕೊಳವೆಗಳಲ್ಲಿ ನೀರು ತಂದಿದ್ದರು. ಕೊಳವೆಗಳ ಸುತ್ತ ಗಾರೆಯ ಕಟ್ಟಡ. ಆದರೆ ಇಡೀ ದಾರಿಯನ್ನು ಹೂಳಿ ಕೈ ತೊಳೆದುಕೊಳ್ಳಲಿಲ್ಲ. ಅಲ್ಲಲ್ಲಿ ಗಂಜ್ ಎಂಬ ಗೋಪುರ ಎಬ್ಬಿಸಿದರು. ನೀರು ಅದರೊಳಗೆ ಏರಿ, ಒತ್ತಡ ಕಳೆದುಕೊಂಡು, ಹೊತ್ತು ತಂದ ಮಣ್ಣನ್ನು ತಳಕ್ಕೆ ಇಳಿಸಿ ಮುಂದಿನ ಕೊಳವೆ ಹಿಡಿಯುತ್ತಿತ್ತು. ಒತ್ತಡಕ್ಕೆ ಕೊಳವೆ ಒಡೆಯಬಾರದು, ಹೂಳು ತುಂಬಿದರೆ ತೆಗೆಯಲು ಬರಬೇಕು. ಆ ಗಂಜ್‌ಗಳಲ್ಲಿ ಕೆಲವು ಇವತ್ತಿಗೂ ನಮ್ಮ ರಸ್ತೆಗಳ ಪಕ್ಕ ನಿಂತಿವೆ. ಸಿಂದಗಿ ರಸ್ತೆಯಲ್ಲಿ ಸುಮಾರು 20 ಕಿಲೋಮೀಟರ್ ಹೋದರೆ ಕುಮಟಗಿ ಸಿಗುತ್ತದೆ. ಕೊಳದ ನಡುವಿನ ಮಂಟಪ, ಮೇಲಿನಿಂದ ಮಳೆಯಂತೆ ನೀರು ಸುರಿಯುವ ಏರ್ಪಾಟು, ಅದಕ್ಕೆ ನೀರು ಕೊಡುವ ಗೋಪುರ. ಸುಲ್ತಾನರ ಬೇಸಿಗೆಯ ವಿಹಾರಕ್ಕೆ ಮಾಡಿದ್ದು. ನನ್ನ ಮಗ ಮಾಡಿಸಿದ್ದೂ ಅದನ್ನೇ, ಅಳತೆ ಸಣ್ಣದು. ಪ್ಲಂಬರ್ ಹುಡುಗನನ್ನು ಒಂದು ಭಾನುವಾರ ಅಲ್ಲಿಗೆ ಕರೆದುಕೊಂಡು ಹೋದೆ. ಆತ ಅಲ್ಲಿನ ಗೋಡೆಯ ಚಿತ್ರಗಳ ಕಡೆ ಕತ್ತೆತ್ತಲಿಲ್ಲ. ಗೋಪುರದ ಸುತ್ತ ತಿರುಗಿ ನೀರು ಎಲ್ಲಿಂದ ಏರಿ ಎಲ್ಲಿಗೆ ಇಳಿಯುತ್ತಿತ್ತು ಎಂದು ಕೈಯಲ್ಲಿ ಗೆರೆ ಎಳೆಯುತ್ತ ಅರ್ಧ ತಾಸು ನಿಂತ.

ಈಗ ನಮ್ಮ ಕೊಳದ ಬಿರಡೆ ಹೊಸದು, ವೈರಿನ ಪೈಪಿನ ಬಾಯಿಯನ್ನೂ ಮುಚ್ಚಿಸಿದ್ದೇವೆ. ಟ್ರಾನ್ಸ್‌ಫಾರ್ಮರ್ ಕೊಳದಿಂದ ದೂರ, ಗೋಡೆಯ ಮೇಲೆ ಎದೆಮಟ್ಟಕ್ಕೆ, ಮಳೆ ಬೀಳದ ಜಾಗದಲ್ಲಿದೆ. ದೀಪದ ಲೈನು ಮತ್ತೆ ಆರ್‌ಸಿಸಿಬಿಯ ಕಾವಲಿಗೆ ಬಂದಿದೆ. ಒಡೆದ ಮೂರು ಕಲ್ಲಿನ ಜಾಗದಲ್ಲಿ ಬೇರೆ ಕಲ್ಲು ಹಾಕಲು ನಾನು ಒಪ್ಪಲಿಲ್ಲ. ಒಂದು ಅಡಿ ಚೌಕದ ಕಬ್ಬಿಣದ ಮುಚ್ಚಳ, ಎತ್ತಲು ಒಂದು ಹಿಡಿಕೆ. ಚೆಂದ ಕಾಣುವುದಿಲ್ಲ ಎಂದು ಮಗ ಫೋನಿನಲ್ಲಿ ಅಂದ. ಪ್ರತಿ ತಿಂಗಳ ಮೊದಲ ಭಾನುವಾರ ಎತ್ತಿ ನೋಡುತ್ತೇನೆ ಎಂದೆ. ನೋಡುತ್ತಿದ್ದೇನೆ, ಒಣಗಿದೆ. ನಿಂಬೆ ಗಿಡಕ್ಕೆ ಈಗ ನಮ್ಮ ಮನೆಯವರು ನೀರು ಹಾಕುತ್ತಾರೆ.

ಓದುವ ನಿಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಕೊಳ ಇರಲಿಕ್ಕಿಲ್ಲ. ಬಚ್ಚಲಿನಲ್ಲಿ ಗೀಸರ್ ಇದೆ, ಅಂಗಳದಲ್ಲಿ ಮೋಟಾರ್ ಇದೆ. ನಿಮ್ಮ ಮೀಟರ್ ಬೋರ್ಡಿನಲ್ಲಿ ಆರ್‌ಸಿಸಿಬಿ ಇದ್ದರೆ ಅದರ ಮೈಮೇಲೆ 'ಟಿ' ಎಂದು ಬರೆದ ಸಣ್ಣ ಗುಂಡಿ ಇರುತ್ತದೆ. ಇವತ್ತೇ ಒಮ್ಮೆ ಒತ್ತಿ ನೋಡಿ. ಟಕ್ ಎಂದು ಕರೆಂಟು ಹೋದರೆ ಅದು ಕೆಲಸ ಮಾಡುತ್ತಿದೆ. ಹೋಗದಿದ್ದರೆ, ಅಥವಾ ಆ ಪೆಟ್ಟಿಗೆಯೇ ಇಲ್ಲದಿದ್ದರೆ, ನಾಳೆಯೇ ಎಲೆಕ್ಟ್ರಿಷಿಯನ್‌ಗೆ ಫೋನು ಮಾಡಿ.